ಜನ ಆಗ್ಲಿ, ದಾಟುವ

ನನಗೆ ರಸ್ತೆ ದಾಟಲು ಬರುವುದಿಲ್ಲ. ಇದನ್ನು ನಾನಾಗಿ ಯಾರ ಹತ್ತಿರವೂ ಹೇಳಿಕೊಂಡವನಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಏಕೆಂದರೆ ಮಣಿಪಾಲದಲ್ಲಿ ಕಣ್ಣಿದ್ದವರಿಗೆಲ್ಲ ಅದು ಗೊತ್ತು. ಕಾಲೇಜಿನ ಎದುರು, ಕೈಯಲ್ಲಿ ಕೊಡೆ, ಬಗಲಲ್ಲಿ ಪುಸ್ತಕ, ಒಂದು ಕಾಲು ಡಾಮರಿನಲ್ಲಿ, ಇನ್ನೊಂದು ಕಾಲು ಕೆಂಪು ಮಣ್ಣಿನಲ್ಲಿ ಇಟ್ಟುಕೊಂಡು ಆಚೆ ಈಚೆ ಕತ್ತು ತಿರುಗಿಸುತ್ತ ನಿಂತ ಸಣಕಲು ಮನುಷ್ಯನೊಬ್ಬನನ್ನು ನೀವು ಎಂದಾದರೂ ಕಂಡಿದ್ದರೆ, ಸಂಶಯವೇ ಬೇಡ, ಅದು ನಾನೇ. ಪಾಠ ಮಾಡುವುದು ಭೌತಶಾಸ್ತ್ರ. ಓಡುವ ವಸ್ತುವಿನ ವೇಗ ಎಷ್ಟು, ತೂಕ ಎಷ್ಟು, ಅದು ನಿಲ್ಲಲು ಎಷ್ಟು ದೂರ ಬೇಕು, ಎಲ್ಲವನ್ನೂ ಕಣ್ಣು ಮುಚ್ಚಿ ಕರಿಹಲಗೆಯ ಮೇಲೆ ಬರೆಯಬಲ್ಲೆ. ತೊಂದರೆ ಇರುವುದೇ ಅಲ್ಲಿ. ಬೇರೆಯವರು ಬಸ್ಸು ಕಂಡರೆ ಓಡುತ್ತಾರೆ, ನಾನು ಲೆಕ್ಕ ಹಾಕುತ್ತೇನೆ. ಉತ್ತರ ಸಿಗುವಷ್ಟರಲ್ಲಿ ಆ ಬಸ್ಸು ಹೋಗಿ ಅದರ ಹಿಂದಿನದು ಬಂದಿರುತ್ತದೆ.

ರಸ್ತೆಯಾದರೂ ಎಂಥದ್ದು ಅಂತೀರಿ! ಉಡುಪಿಯಿಂದ ಏರು ಹತ್ತಿ ಬರುವ ಬಸ್ಸುಗಳು ಪಾಪ, ಏದುಸಿರು ಬಿಡುತ್ತ ಬರುತ್ತವೆ, ಅವುಗಳಿಂದ ಅಪಾಯವಿಲ್ಲ. ಕಾರ್ಕಳದ ಕಡೆಯಿಂದ ಬರುವ ಎಕ್ಸ್‌ಪ್ರೆಸ್ಸುಗಳಿಗೆ ಮಾತ್ರ ಇಳಿಜಾರು ಕಂಡ ಕೂಡಲೇ ಮೈಮೇಲೆ ದೈವದ ದರ್ಶನ ಬಂದ ಹಾಗಾಗುತ್ತದೆ. ಮುಂದಿನ ಬಸ್ಸಿಗೆ ಸಿಗಬೇಕಾದ ಜನವನ್ನು ಹಿಂದಿನದು ಹಾರಿಸಿಕೊಳ್ಳಬೇಕು, ಹಿಂದಿನದು ಮುಂದೆ ಬಾರದ ಹಾಗೆ ಮುಂದಿನದು ಓಡಬೇಕು. ಆದರೂ ಈ ಬಸ್ಸುಗಳಿಗೆ ಒಂದು ದೊಡ್ಡ ಗುಣ ಉಂಟು. ನೀವು ಎಲ್ಲಿ ನಿಂತು ಕೈ ತೋರಿಸಿದರೂ, ಅದು ತಿರುವಾಗಿರಲಿ, ಮೋರಿಯಾಗಿರಲಿ, ಕಿರ್ರೆಂದು ನಿಂತು ನಿಮ್ಮನ್ನು ಹತ್ತಿಸಿಕೊಳ್ಳುತ್ತವೆ. ಹತ್ತುವವನಿಗೆ ಇಷ್ಟು ಮರ್ಯಾದೆ. ದಾಟುವವನಿಗೆ ಹಾರ್ನ್ ಮಾತ್ರ.

ಸೈಕಲ್ಲಿನವರ ಪಾಡು ಇನ್ನೂ ಸೊಗಸು. ನಾವು ಬಾಡಿಗೆಗಿದ್ದ ಮನೆಯ ಕೆಳಗೆ, ರಸ್ತೆಯ ಅಂಚಿಗೇ, ಶಿರ್ವದಿಂದ ಬಂದ ಪಿಯೂಸ್ ಪರ್ಬುಗಳ ಸೈಕಲ್ ಅಂಗಡಿ ಇತ್ತು. ದಿಲ್ಲಿ, ಕಲ್ಕತ್ತಾ ಎಲ್ಲಿಂದೆಲ್ಲಿಂದಲೋ ಓದಲು ಬಂದ ಹುಡುಗರಿಗೆ ಅವರು ಗಂಟೆಯ ಲೆಕ್ಕದಲ್ಲಿ ಸೈಕಲ್ ಕೊಡುತ್ತಿದ್ದರು. ಒಮ್ಮೆ ನಾನು ಗುರುವಿನ ಗಾಂಭೀರ್ಯದಿಂದ ಕೇಳಿದೆ, "ಪರ್ಬುಗಳೇ, ಇದಕ್ಕೆ ಬ್ರೇಕ್ ಉಂಟಾ?"

"ಬೆಲ್ ಉಂಟಲ್ಲ ಮಾಷ್ಟ್ರೇ, ಫಸ್ಟ್‌ಕ್ಲಾಸ್ ಬೆಲ್!" ಎಂದು ಟಿಣ್ ಟಿಣ್ ಬಾರಿಸಿ ತೋರಿಸಿದರು.

ನಮ್ಮ ಹಿರಿಯರೆಲ್ಲ ದಾಟುವ ವಿಷಯದಲ್ಲಿ ಬಹಳ ತಲೆ ಕೆಡಿಸಿಕೊಂಡವರೇ. ಸಂಸಾರವೆಂಬ ಸಾಗರ ದಾಟಬೇಕು, ಭವ ದಾಟಬೇಕು, ಮಾಯೆ ದಾಟಬೇಕು. ಉಡುಪಿಯ ರಥಬೀದಿಯ ಮಠಗಳಲ್ಲಿ ಸಂಜೆ ಪ್ರವಚನಕ್ಕೆ ಕುಳಿತರೆ ದಾಟುವುದೇ ದಾಟುವುದು. ಆದರೆ ಬೆಳಿಗ್ಗೆ ತರಗತಿಗೆ ಹೋಗಲು ಕಾರ್ಕಳ ರಸ್ತೆ ದಾಟುವುದು ಹೇಗೆ ಎಂದು ಯಾವ ಆಚಾರ್ಯರೂ ಭಾಷ್ಯ ಬರೆದಿಲ್ಲ. ಬಹುಶಃ ಅವರ ಕಾಲದ ಎತ್ತಿನಗಾಡಿಗಳಿಗೆ, ನಿಲ್ದಾಣದಲ್ಲಿ ಗಡಿಯಾರ ನೋಡಿ ಬಸ್ಸು ಅಟ್ಟುವ ಟೈಮ್‌ಕೀಪರ್ ಇರಲಿಲ್ಲ. ಆ ಭಾಷ್ಯವನ್ನು ಕೊನೆಗೆ ಬರೆದದ್ದು ನನ್ನ ಅತ್ತೆ. ಬರೆದದ್ದಲ್ಲ, ಕೂಗಿದ್ದು!

ಎಪ್ಪತ್ತರ ದಶಕದ ಮೊದಲ ಭಾಗ ಅದು. ನನ್ನ ಹೆಂಡತಿ ಸುಮತಿಗೆ ದಿನ ತುಂಬುತ್ತ ಬಂದಿತ್ತು. ನಮ್ಮ ಮೊದಲ ಮಗು ಉಳಿದಿರಲಿಲ್ಲ. ಹಾಗಾಗಿ ಈ ಸಲ ಡಾಕ್ಟರು, ಹೆರಿಗೆಯ ತನಕ ಆಸ್ಪತ್ರೆಯಲ್ಲೇ ಮಲಗಿರಬೇಕು, ಹೊಟ್ಟೆ ತುಂಬ ಊಟ ಮಾಡಬೇಕು ಎಂದು ಹೇಳಿಬಿಟ್ಟರು. ಆಸ್ಪತ್ರೆ ರಸ್ತೆಯ ಆಚೆ, ನಮ್ಮ ಮನೆ ಈಚೆ. ಸುಮತಿಗೆ ಆಸ್ಪತ್ರೆಯ ಊಟ ಗಂಟಲಲ್ಲಿ ಇಳಿಯಲಿಲ್ಲ. ಅಮ್ಮನ ಕೈಯ ಬಿಸಿ ಗಂಜಿ ಬೇಕು, ಅಮ್ಮ ಪಕ್ಕದಲ್ಲಿ ಕೂತಿರಬೇಕು ಎಂದು ಮುಖ ಗೋಡೆಗೆ ತಿರುಗಿಸಿ ಮಲಗಿದಳು.  ಅವಳ ತವರು ಮಟ್ಟುವಿಗೆ ಹೇಳಿ ಕಳಿಸಿದೆ. ಮರುದಿನವೇ ಅತ್ತೆ ಒಂದು ಬುಟ್ಟಿ ಗುಳ್ಳ ಬದನೆ ಹೊತ್ತುಕೊಂಡು ಬಂದಿಳಿದರು.

ಮಟ್ಟು ಗೊತ್ತುಂಟಲ್ಲ? ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ, ನಡುವೆ ಗುಳ್ಳದ ಗದ್ದೆ. ಆಗ ಅತ್ತೆಯ ಮನೆಯಿಂದ ಎಲ್ಲಿಗೆ ಹೋಗುವುದಿದ್ದರೂ ಹೊಳೆ ದಾಟಬೇಕಿತ್ತು. ಮಳೆಗಾಲದ ತುಂಬಿದ ಹೊಳೆಯಲ್ಲಿ ಹಸುಗೂಸನ್ನು ಸೊಂಟಕ್ಕಿಟ್ಟುಕೊಂಡು ದೋಣಿ ಹತ್ತಿದ ಹೆಂಗಸು ಅವರು. ಹಾಗಾಗಿ ಈ ರಸ್ತೆ ಅವರಿಗೆ ಯಾವ ಲೆಕ್ಕ ಎಂದು ನಾನು ಧೈರ್ಯವಾಗಿದ್ದೆ. ಹಿಡಿಕೆಯ ತೂಕುಪಾತ್ರೆಯಲ್ಲಿ ಗಂಜಿ ಹಿಡಿದು ಮೊದಲ ದಿನ ಇಬ್ಬರೂ ಹೊರಟೆವು. "ಕೈ ಹಿಡ್ಕೊಳ್ಳಿ ಅತ್ತೆ, ನಾನಿದ್ದೇನೆ" ಎಂದೆ. ಅರ್ಧ ರಸ್ತೆಯವರೆಗೆ ನಾನಿದ್ದೆ. ಅಷ್ಟರಲ್ಲಿ ಮೇಲಿನ ತಿರುವಿನಲ್ಲಿ ಎಕ್ಸ್‌ಪ್ರೆಸ್ ಕಾಣಿಸಿತು. ನನ್ನ ಕಾಲುಗಳು ನನ್ನನ್ನು ಕೇಳದೆ ತಿರುಗಿ ಓಡಿದವು. ಕೈ ಹಿಡಿದಿದ್ದ ಅತ್ತೆಯೂ ಜೊತೆಯಲ್ಲಿ ಎಳೆಸಿಕೊಂಡು ಬಂದರು. ಗಂಜಿ ಮಾತ್ರ ರಸ್ತೆಯಲ್ಲೇ ಉಳಿಯಿತು!

ಪರ್ಬುಗಳ ಅಂಗಡಿಯ ಬೆಂಚಿನಲ್ಲಿ ಕೂತು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಲ್ಲಿ ಮಗಳು ಹಸಿದು ಮಲಗಿದ್ದಾಳೆ, ಇಲ್ಲಿ ತಾಯಿ ಕೂತಿದ್ದಾಳೆ, ನಡುವೆ ಇಷ್ಟೇ ಇಷ್ಟು ಡಾಮರು. ನಮ್ಮ ಮನೆಮಾತು ತುಳು. ಅವರು ತುಳುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಎಂತ ಊರು ಮಾಷ್ಟ್ರೇ ಇದು? ಇಷ್ಟು ಜನ ದಾಟ್ತಾರೆ, ಒಬ್ಬೊಬ್ಬರೇ ಹಾರಿ ಬೀಳ್ತಾರೆ. ದಾಟುದು ಹೀಗಾ? ಜನ ಆಗ್ಬೇಡ್ವಾ?"

ಜನ ಆಗುವುದೆಂದರೆ ಏನು ಎಂದು ಹೊಳೆಯ ಬದಿಯವರಿಗೆ ವಿವರಿಸಬೇಕಾಗಿಲ್ಲ. ಕಡವಿನಲ್ಲಿ ಒಬ್ಬನಿಗಾಗಿ ದೋಣಿ ಬಿಡುವುದಿಲ್ಲ. ಮೊದಲು ಬಂದವನು ದಡದಲ್ಲಿ ಕೂರುತ್ತಾನೆ, ಇನ್ನೊಬ್ಬ ಬರುತ್ತಾನೆ, ಮೀನಿನ ಬುಟ್ಟಿಯ ಹೆಂಗಸು ಬರುತ್ತಾಳೆ, ಶಾಲೆಯ ಮಕ್ಕಳು ಬರುತ್ತಾರೆ. ದೋಣಿಗಾಗುವಷ್ಟು ಜನವಾದ ಮೇಲೆ ಯಾರಾದರೂ ಆಚೆ ದಡಕ್ಕೆ "ಕೂ..." ಎಂದು ಕೂಗು ಹಾಕುತ್ತಾರೆ. ದೋಣಿ ಬರುತ್ತದೆ. ಎಲ್ಲರೂ ಒಟ್ಟಿಗೆ ದಾಟುತ್ತಾರೆ. ಅತ್ತೆಯ ಬದುಕಿನಲ್ಲಿ ದಾಟುವುದಕ್ಕೆ ಬೇರೆ ದಾರಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಅಂಗಿ ಹಾಕಿಕೊಂಡು ಕೆಳಗೆ ಬರುತ್ತೇನೆ, ನೋಡುತ್ತೇನೆ, ಏನಿದು! ಅತ್ತೆ ರಸ್ತೆಯ ಅಂಚಿನಲ್ಲಿ ತೂಕುಪಾತ್ರೆ ಹಿಡಿದು ನಿಂತು, ತರಗತಿಗೆ ಓಡುತ್ತಿದ್ದ ದಿಲ್ಲಿಯ ಹುಡುಗನೊಬ್ಬನ ತೋಳು ಹಿಡಿದಿದ್ದಾರೆ. "ನಿಲ್ಲು ಮಗಾ, ಜನ ಆಗ್ಲಿ, ದಾಟುವ." ಹುಡುಗನಿಗೆ ತುಳುವೂ ಇಲ್ಲ, ಕನ್ನಡವೂ ಇಲ್ಲ. ಕಾಲೇಜಿನವರು ಹೊಸದಾಗಿ ಏನೋ ನಿಯಮ ತಂದಿದ್ದಾರೆ, ಈ ಅಮ್ಮನನ್ನು ಅದಕ್ಕೇ ನಿಲ್ಲಿಸಿದ್ದಾರೆ ಎಂದುಕೊಂಡು ತೆಪ್ಪಗೆ ನಿಂತ. ಅವನು ನಿಂತದ್ದು ಕಂಡು ಹಿಂದಿನವನು ನಿಂತ. ಇಬ್ಬರು ನಿಂತದ್ದು ಕಂಡು ಹುಡುಗಿಯರ ಗುಂಪು ನಿಂತಿತು. ನಮ್ಮ ದೇಶದಲ್ಲಿ ನಾಲ್ಕು ಜನ ಸಾಲಾಗಿ ನಿಂತರೆ ಐದನೆಯವನು ಏಕೆಂದು ಕೇಳುವುದಿಲ್ಲವಲ್ಲ! ಸೈಕಲ್ಲಿನಲ್ಲಿ ಬಂದವರಿಗೆ ಅತ್ತೆಯ ಆಜ್ಞೆ ಬೇರೆ: "ಇಳಿ, ಇಳಿ. ದೋಣಿಯಲ್ಲಿ ಸೈಕಲ್ ಬಿಡ್ತಾರಾ? ಹಿಡ್ಕೊಂಡು ನಿಲ್ಲು, ಮೇಲಿನ ಬದಿಗೆ." ಸೈಕಲ್ಲುಗಳೆಲ್ಲ ಕಾರ್ಕಳದ ಕಡೆಗೆ ಒಂದು ಬೇಲಿಯಾಗಿ ನಿಂತವು.

ಆಮೇಲೆ ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು. "ಕೂ...!"

ಏನು ಧ್ವನಿ ಅದು! ಅಷ್ಟು ಅಗಲದ ಹೊಳೆಯನ್ನು ಹಾಯುವ ಕೂಗು ಇಷ್ಟಗಲದ ರಸ್ತೆಯಲ್ಲಿ ಹೊರಟರೆ ಹೇಗಿರಬೇಡ! ಹೋಟೆಲಿನಲ್ಲಿ ಕಾಪಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಇಳಿಜಾರಿನಲ್ಲಿ ಬರುತ್ತಿದ್ದ ಎಕ್ಸ್‌ಪ್ರೆಸ್ಸಿನ ಡ್ರೈವರ್ ಕಣ್ಣರಳಿಸಿ ನೋಡಿದ. ಒಂದು ದಿಬ್ಬಣಕ್ಕಾಗುವಷ್ಟು ಜನ! ಒಬ್ಬ ಕೈ ತೋರಿಸಿದರೇ ನಿಲ್ಲುವ ಬಸ್ಸು ಇಷ್ಟು ಮಂದಿಗೆ ನಿಲ್ಲದಿರುತ್ತದೆಯೇ? ಕಿರ್ರೆಂದು ಬ್ರೇಕು ಬಿತ್ತು. ಕಂಡಕ್ಟರ್ ಹಾರಿ ಇಳಿದು ಬಾಗಿಲು ಹಿಡಿದು, "ಉಡ್ಪಿ, ಉಡ್ಪಿ, ಉಡ್ಪಿ! ಬೇಗ ಬನ್ನಿ, ಸೀಟುಂಟು, ಸೀಟುಂಟು!" ಎಂದು ಹಾಡತೊಡಗಿದ. ಅವನ ಮೂಗಿನ ಎದುರಿನಿಂದ ಅತ್ತೆ, ಗಂಜಿ, ದಿಲ್ಲಿಯ ಹುಡುಗ, ಹುಡುಗಿಯರು, ಸೈಕಲ್ಲುಗಳು, ಎಲ್ಲರ ಹಿಂದೆ ಭೌತಶಾಸ್ತ್ರದ ನಾನು, ಹೀಗೆ ಮೆರವಣಿಗೆ ಆಚೆ ದಡ ಸೇರಿತು. ಬಸ್ಸಿಗೆ ಒಬ್ಬನೂ ಹತ್ತಲಿಲ್ಲ.

"ಎಂತ ಮಾರಾಯ್ರೆ ಇದು! ಬಸ್ಸು ನಿಲ್ಲಿಸಿ ನಡ್ಕೊಂಡು ಹೋಗುದಾ?" ಎಂದು ಕಂಡಕ್ಟರ್ ತಲೆಯ ಮೇಲೆ ಕೈ ಹೊತ್ತುಕೊಂಡ.

ಅತ್ತೆ ತಿರುಗಿ, ನಿಜವಾದ ಅಕ್ಕರೆಯಿಂದ, "ನಿಂಗೂ ದಾಟ್ಲಿಕ್ಕುಂಟಾ ಮಗಾ? ಬಾ ಮತ್ತೆ" ಎಂದರು.

ಆ ದಿನ ಸುಮತಿ ಗಂಜಿಯ ಪಾತ್ರೆಯನ್ನು ಬೆರಳಿನಲ್ಲಿ ಬಳಿದು ಉಂಡಳು. ನನಗಂತೂ ಸಂತೋಷ ತಡೆಯಲಾಗದೆ ವಾರ್ಡಿನಲ್ಲಿ ಜೋರಾಗಿ ನಕ್ಕು ನರ್ಸಮ್ಮನಿಂದ ಬೈಸಿಕೊಂಡೆ.

ಅಲ್ಲಿಂದ ಮುಂದೆ ನಮ್ಮ ರಸ್ತೆಯಲ್ಲಿ ಕಡವು ನಡೆಯಿತು. ಹುಡುಗರಿಗೆ ಅದೊಂದು ಆಟ. "ದೋಣಿ ಬಿಡ್ತಾ?" ಎಂದು ಕೇಳಿಕೊಂಡು ಬರುತ್ತಿದ್ದರು. ಪಂಜಾಬಿನವರು, ಬಂಗಾಳದವರು ಕನ್ನಡದಲ್ಲಿ ಮೊದಲು ಕಲಿತ ಮಾತು "ಜನ ಆಗ್ಲಿ". ಪರ್ಬುಗಳು, ಮೇಲಿನ ಬದಿಗೆ ನಿಲ್ಲುವುದು ತಮ್ಮ ಸೈಕಲ್ಲುಗಳಾದ್ದರಿಂದ, ಹೆದರಿ ಎಲ್ಲದಕ್ಕೂ ಬ್ರೇಕು ಹಾಕಿಸಿದರು. ಬಸ್ಸಿನವರು ಎರಡು ದಿನ ಬೈದರು. ಆಮೇಲೆ ಅವರಿಗೂ ಅಭ್ಯಾಸವಾಯಿತು. ಕೂಗು ಕೇಳಿದರೆ ಆ ಕಂಡಕ್ಟರ್ ಬಾಗಿಲಿನಲ್ಲೇ ನಿಂತು, "ಅಮ್ಮ, ಮಗಳು ಹುಷಾರಾ?" ಎಂದು ಕೇಳುತ್ತಿದ್ದ. ನಾನು ಮಾತ್ರ ಒಮ್ಮೆಯೂ ಕೂಗಲಿಲ್ಲ. ಮೇಷ್ಟ್ರಾದವನು ನಡುಬೀದಿಯಲ್ಲಿ, ಅದೂ ವಿದ್ಯಾರ್ಥಿಗಳ ಎದುರು, ಬಾಯಿಗೆ ಕೈಯಿಟ್ಟು ಕೂಗುವುದುಂಟೇ! ಜನದ ನಡುವೆ ಮುಖ ಮರೆಸಿಕೊಂಡು, ಪುಸ್ತಕ ನೋಡುವ ನಟನೆ ಮಾಡಿಕೊಂಡು ದಾಟುತ್ತಿದ್ದೆ.

ಕಾಲೇಜಿಗೆ ರಜೆಯಿದ್ದ ಒಂದು ಮಧ್ಯಾಹ್ನ, ನಮ್ಮ ಮನೆಯ ಪಕ್ಕದ ಹೋಟೆಲಿಗೆ ಆಸ್ಪತ್ರೆಯಿಂದ ಫೋನ್ ಬಂತು. ಸುಮತಿಗೆ ನೋವು ಶುರುವಾಗಿದೆ, ತೊಂದರೆ ಕಾಣುತ್ತಿದೆ, ಕೂಡಲೇ ಬನ್ನಿ. ನಾನೂ ಅತ್ತೆಯೂ ಮೆಟ್ಟಿಲಿಳಿದು ಓಡಿದೆವು. ಬಿಸಿಲಿಗೆ ಡಾಮರು ಕುದಿಯುತ್ತಿತ್ತು. ದಡದಲ್ಲಿ ಒಂದು ನರಪಿಳ್ಳೆ ಇಲ್ಲ. ಮದುವೆಯ ಕಾಲ ಬೇರೆ, ಬಸ್ಸಿನ ಹಿಂದೆ ಬಸ್ಸು, ಅದರ ಹಿಂದೆ ಕಾರು, ಸಂದೇ ಇಲ್ಲ. ಅತ್ತೆ ಬಾಯಿಗೆ ಕೈಯಿಟ್ಟರು. ಧ್ವನಿ ಹೊರಡಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು, ಬರೀ ಗಾಳಿ. ಆಮೇಲೆ ನನ್ನ ಮುಖ ನೋಡಿದರು. ಹೊಳೆಯ ಹೆಂಗಸು ನನ್ನ ತೋಳು ಹಿಡಿದುಕೊಂಡರು.

ನಾನು ಕೂಗಿದೆ. ಮೊದಲನೆಯದು ಕೋಳಿಯ ಕುತ್ತಿಗೆ ಹಿಚುಕಿದ ಹಾಗೆ ಬಂತು. ಎರಡನೆಯದು ಎಲ್ಲಿಂದ ಬಂತೋ ನನಗೆ ಇವತ್ತಿಗೂ ತಿಳಿಯದು. ಕಾಲೇಜಿನ ಗೋಡೆಗೆ ಬಡಿದು ತಿರುಗಿ ಬಂತು. "ಕೂ...!"

ಪರ್ಬುಗಳು ಕೈಯಲ್ಲಿ ಚಕ್ರ ಹಿಡಿದುಕೊಂಡೇ ಓಡಿ ಬಂದರು. ಹೋಟೆಲಿನ ಭಟ್ಟರು ಎಂಜಲೆಲೆಗಳನ್ನು ಹಾಗೇ ಬಿಟ್ಟು ಊಟಕ್ಕೆ ಕೂತವರನ್ನು ಎಬ್ಬಿಸಿ ತಂದರು, ಅವರು ಹುಳಿ ಮೆತ್ತಿದ ಕೈಗಳನ್ನು ಎತ್ತಿ ಹಿಡಿದುಕೊಂಡೇ ಬಂದರು. ಹಾಸ್ಟೆಲಿನಲ್ಲಿ ಉಳಿದಿದ್ದ ಹುಡುಗರು ಬನಿಯನ್ನಿನಲ್ಲೇ ಇಳಿದರು. ಯಾರೂ ಏನೆಂದು ಕೇಳಲಿಲ್ಲ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಜನ ಆಯಿತು! ಮೇಲಿನಿಂದ ಬಂದ ಎಕ್ಸ್‌ಪ್ರೆಸ್ಸು ನಿಂತಿತು. ಅದೇ ಕಂಡಕ್ಟರ್ ಹಾರಿ ಇಳಿದ. ಈ ಸಲ ಅವನು ಉಡುಪಿ ಎನ್ನಲಿಲ್ಲ. ನಡುರಸ್ತೆಗೆ ಓಡಿ, ಎರಡೂ ಕೈ ಅಗಲಿಸಿ, ಬಾಯಲ್ಲಿದ್ದ ಸೀಟಿಯನ್ನು ಊದಿ ಊದಿ ಬಂದ ವಾಹನಗಳನ್ನೆಲ್ಲ ತಡೆದು ನಿಂತ. "ಹೋಗಿ ಅಮ್ಮ! ಹೋಗಿ, ಹೋಗಿ!"

ನಾವು ತಲುಪಿದಾಗ ಸುಮತಿಯನ್ನು ಒಳಗೆ ಕರೆದೊಯ್ಯುತ್ತಿದ್ದರು. ಅಮ್ಮನ ಕೈ ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಸಂಜೆಯ ಹೊತ್ತಿಗೆ ಹೆಣ್ಣು ಮಗು. ತಾಯಿ ಮಗು ಇಬ್ಬರೂ ಕ್ಷೇಮ. ಬಾಗಿಲಿನ ಆಚೆಯಿಂದ ಅದರ ಅಳು ಕೇಳಿದ ಕೂಡಲೇ ಅತ್ತೆ ಅಳುತ್ತಲೇ ನಕ್ಕರು. "ಕೂಗು ನಿಮ್ಮದೇ ಮಾಷ್ಟ್ರೇ" ಎಂದರು.

ಈಗ ಆ ಮಗು ಹೈಸ್ಕೂಲು. ಪರ್ಬುಗಳ ಅಂಗಡಿಯಿಂದಲೇ ಕೊಂಡ ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಾಳೆ. ರಸ್ತೆ ಅಗಲವಾಗಿದೆ, ಹುಡುಗರ ಕೈಗೆ ಮೋಟಾರು ಸೈಕಲ್ ಬಂದಿದೆ, ಡಾಮರಿನ ಮೇಲೆ ಬಿಳಿ ಪಟ್ಟೆ ಎಳೆದಿದ್ದಾರೆ. ಪಟ್ಟೆ ಕಂಡು ನಿಂತ ಬಸ್ಸನ್ನು ನಾನಿನ್ನೂ ಕಂಡಿಲ್ಲ. ಅತ್ತೆ ಊರಿಗೆ ಮರಳಿದ ಮೇಲೆ ನಮ್ಮ ರಸ್ತೆಯ ಕೂಗೂ ನಿಂತಿತ್ತು. ಅತ್ತ ಮಟ್ಟುವಿನ ಹೊಳೆಗೆ ಸೇತುವೆಯಾಗಿ ಕಡವು ನಿಂತುಹೋಯಿತು. ಅಲ್ಲಿ ಈಗ ಕೂಗುವವರಿಲ್ಲ, ಯಾರು ಬೇಕಾದರೂ ಯಾವಾಗ ಬೇಕಾದರೂ ಒಬ್ಬೊಬ್ಬರೇ ದಾಟಬಹುದು ಎಂದು ಅತ್ತೆ ಬೇಸರದಲ್ಲಿ ಹೇಳುತ್ತಾರೆ.

ನಿನ್ನೆ ಬೆಳಿಗ್ಗೆ ನಾನು ಎಂದಿನಂತೆ ಒಂದು ಕಾಲು ಡಾಮರಿನಲ್ಲಿಟ್ಟು ಲೆಕ್ಕ ಹಾಕುತ್ತಿದ್ದೆ. ಹಿಂದಿನಿಂದ ಬೆಲ್ಲು ಕೇಳಿತು. ಮಗಳು ಸೈಕಲ್ಲಿನಿಂದ ಇಳಿದು, ಅದನ್ನು ಮೇಲಿನ ಬದಿಗೆ ನಿಲ್ಲಿಸಿ ಹಿಡಿದುಕೊಂಡಳು. ಅವಸರದಲ್ಲಿ ರಸ್ತೆಗೆ ಇಳಿಯಹೊರಟಿದ್ದ, ಊರಿಗೆ ಹೊಸಬನಾದ ಒಬ್ಬ ಹುಡುಗನಿಗೆ, "ಸ್ವಲ್ಪ ನಿಲ್ಲಿ, ಜನ ಆಗ್ಲಿ" ಎಂದಳು. ಅವನು ಏನೋ ನಿಯಮವಿರಬೇಕೆಂದು ನಿಂತ. ಅವನ ಹಿಂದೆ ಇನ್ನಿಬ್ಬರು ನಿಂತರು. ಜನ ಆಯಿತು. ಅವಳು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು:

"ಅಪ್ಪಾ, ನೀವು ಕೂಗಿ. ನಂಗೆ ನಾಚಿಕೆ ಆಗ್ತದೆ."

ನಾನು ಪುಸ್ತಕವನ್ನು ಬಗಲಿಗೆ ಸಿಕ್ಕಿಸಿ, ಬಾಯಿಗೆ ಕೈ ಅಡ್ಡ ಹಿಡಿದೆ. ಎಕ್ಸ್‌ಪ್ರೆಸ್ ಕಿರ್ರೆಂದು ನಿಂತಿತು. ಮೀಸೆ ಈಗಷ್ಟೇ ಚಿಗುರಿದ ಹೊಸ ಕಂಡಕ್ಟರ್ ಹಾರಿ ಇಳಿದು, "ಉಡ್ಪಿ, ಉಡ್ಪಿ, ಸೀಟುಂಟು, ಸೀಟುಂಟು!" ಎಂದು ಹಾಡುತ್ತಿರುವಾಗಲೇ ನಾವೆಲ್ಲ ಆಚೆ ದಡ ಸೇರಿದ್ದೆವು.