ಹುಳುಮನೆಯ ಹೊಸ್ತಿಲಲ್ಲಿ ಊಟ

ಓನರಮ್ಮನ ಪಾದಗಳು ಸದಾ ಬೆಳ್ಳಗಿರುತ್ತಿದ್ದವು. ಕಣಕಾಲಿನಿಂದ ಮೇಲೆ ಬಿಸಿಲಿಗೆ ಕಪ್ಪಾದ ಕಾಲು, ಕೆಳಗೆ ಬರೀ ಸುಣ್ಣ. ಹಿತ್ತಲಲ್ಲಿದ್ದ ಅವರ ಹುಳುಮನೆಯ ಬಾಗಿಲಲ್ಲಿ ಸುಣ್ಣ ಹರಡಿದ ಗೋಣಿಚೀಲ ಬಿದ್ದಿರುತ್ತಿತ್ತು. ರೇಷ್ಮೆ ಹುಳುವಿಗೆ ಹೊರಗಿನ ರೋಗ ತಾಗದಿರಲೆಂದು ಅದರ ಮೇಲೆ ಕಾಲೊತ್ತಿಯೇ ಒಳಗೆ ಹೋಗಬೇಕು. ಹೊರಗೆ ಬಂದಾಗ ಆ ಸುಣ್ಣ ಅಂಗಳದ ತುಂಬ ಹೆಜ್ಜೆಯಾಗಿ ಬೀಳುತ್ತಿತ್ತು. ಬೆಳಿಗ್ಗೆ ಕಂಪನಿ ಬಸ್ಸಿಗೆ ಹೊರಡುವಾಗ ನಾನು ಆ ಹೆಜ್ಜೆ ನೋಡಿಯೇ ಅವರು ಎದ್ದು ಎಲ್ಲೆಲ್ಲಿ ಓಡಾಡಿದ್ದಾರೆಂದು ತಿಳಿದುಕೊಳ್ಳುತ್ತಿದ್ದೆ.

ನಮ್ಮೂರು ದೇವರಾಯಸಮುದ್ರದ ಕಡೆ. ನರಸಾಪುರದ ಕಂಪನಿಯೊಂದರ ಸ್ಟೋರ್ಸಿನಲ್ಲಿ ಕೆಲಸ ಸಿಕ್ಕಿದಾಗ ಅವರ ಮನೆಯ ಮುಂದಿನ ಒಂಟಿ ಕೋಣೆಗೆ ಬಾಡಿಗೆಗೆ ಬಂದೆ. ಬೇರೆ ಓನರುಗಳು ಅಡ್ವಾನ್ಸಿನಿಂದ ಮಾತು ಶುರುಮಾಡಿದರೆ ಇವರು ಶುರುಮಾಡಿದ್ದು ಸೊಳ್ಳೆಬತ್ತಿಯಿಂದ. ಸೊಳ್ಳೆಬತ್ತಿ ಹಚ್ಚಬಾರದು, ಊದುಬತ್ತಿ ಹಚ್ಚಬಾರದು, ಮೈಗೆ ಸೆಂಟು ಹಾಕಿಕೊಂಡು ಹಿತ್ತಲಿಗೆ ಬರಬಾರದು, ಒಣಮೆಣಸಿನಕಾಯಿ ಹುರಿಯುವುದಾದರೆ ಮೊದಲೇ ಹೇಳಬೇಕು. ನಾಯಿ, ಬೆಕ್ಕು, ಕೋಳಿ ಯಾವುದನ್ನೂ ಸಾಕುವಂತಿಲ್ಲ. ನಾನು ಬಾಡಿಗೆಗೆ ಬಂದದ್ದು ಮನುಷ್ಯರ ಮನೆಗೋ ಹುಳುಗಳ ಮನೆಗೋ ಎಂದು ಆವತ್ತು ಅರ್ಥವಾಗಲಿಲ್ಲ. ಎಲ್ಲಕ್ಕೂ ತಲೆಯಾಡಿಸಿ ಬೀಗದ ಕೈ ತೆಗೆದುಕೊಂಡೆ.

ಅವರ ಇನ್ನೊಂದು ನಡವಳಿಕೆಯೂ ನನಗೆ ಅರ್ಥವಾಗಿರಲಿಲ್ಲ. ಅಷ್ಟು ಚೊಕ್ಕಟದ ಅಡುಗೆಮನೆ ಇದ್ದರೂ ಅವರು ಅಲ್ಲಿ ಊಟ ಮಾಡುತ್ತಿರಲಿಲ್ಲ. ಹುಳುಗಳಿಗೆ ಸೊಪ್ಪು ಹಾಕಿ, ಕೈ ತೊಳೆದು, ತಟ್ಟೆ ಹಿಡಿದು ಹುಳುಮನೆಯ ಹೊಸ್ತಿಲಿಗೆ ಬಂದು ಕೂರುತ್ತಿದ್ದರು. ಮುದ್ದೆ ಮುರಿಯುತ್ತ, ಸೊಳ್ಳೆಪರದೆಯ ಬಾಗಿಲಿನ ಆಚೆ ನೋಡುತ್ತ, ಯಾರಿಗೂ ಕೇಳದಂತೆ ತೆಲುಗಿನಲ್ಲಿ ಏನೋ ಹೇಳುತ್ತಿದ್ದರು. ಗಂಡ ತೀರಿಕೊಂಡು, ಮಗಳು ಮಾಲೂರಿನಲ್ಲಿ ಸಂಸಾರಸ್ಥಳಾದ ಮೇಲೆ ಹೀಗಾಗಿದ್ದಾರೆ ಅಂದುಕೊಂಡು ಸುಮ್ಮನಿದ್ದೆ.

ಒಂದು ಮಧ್ಯಾಹ್ನ ಶಿಫ್ಟು ಮುಗಿಸಿ ಬಸ್ಸಿಳಿದಾಗ ತಂಗುದಾಣದ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು, ಅದರ ಸುತ್ತ ಮೂರ್ನಾಲ್ಕು ನಾಯಿಗಳು. ನಾಯಿ ಓಡಿಸಿ ನೋಡಿದರೆ ಒಳಗೆ ಬಾಡಿದ ಕೋಸಿನೆಲೆ, ಅದರ ಹಿಂದೆ ಕಂದು ಬಿಳಿ ಬಣ್ಣದ, ಬಾಲವಿಲ್ಲದ, ಕಣ್ಣು ಹೊರಗೆ ಬಂದಂತೆ ನಡುಗುತ್ತಿದ್ದ ಒಂದು ಪ್ರಾಣಿ. ಜೊತೆಗಿದ್ದ ಹುಡುಗಿ ಮೊಬೈಲಿನಲ್ಲಿ ಹುಡುಕಿ ಗಿನಿಪಿಗ್ ಎಂದಳು. ಯಾರೋ ಮಕ್ಕಳ ಆಸೆಗೆ ತಂದು, ಬೇಸರವಾಗಿ ಬಿಟ್ಟುಹೋಗಿರಬೇಕು ಎಂದೂ ಹೇಳಿ ತನ್ನ ಪಾಡಿಗೆ ಹೋದಳು. ನಾನು ಪೆಟ್ಟಿಗೆ ಎತ್ತಿಕೊಂಡೆ.

ಅಂಗಳದಲ್ಲೇ ಓನರಮ್ಮ ಎದುರಾದರು.

"ಏನೇ ಅದು, ಇಲಿನಾ ಮೊಲನಾ?"

ಎರಡೂ ಅಲ್ಲ, ನನಗೂ ಸರಿಯಾಗಿ ಗೊತ್ತಿಲ್ಲ ಎಂದೆ.

"ಹುಳ ಇರೋ ಮನೆ ಕಣೇ ಇದು. ಭಾನ್ವಾರದೊಳ್ಗೆ ಎಲ್ಲಾದ್ರೂ ಬಿಟ್ಬಂದ್ಬಿಡು."

ಒಪ್ಪಿಕೊಂಡೆ. ಆದರೆ ಅದೇ ಸಂಜೆ ಅವರು ಸೊಪ್ಪು ಹೊರುವ ಹಳೆಯ ಬಿದಿರು ಬುಟ್ಟಿ, ಮಂಕರಿಯೊಂದನ್ನು ತಂದರು. ಕುಡುಗೋಲಿನಿಂದ ಅದರ ಅಂಚಿನಲ್ಲಿ ಒಂದು ಕಿಂಡಿ ಕೊಯ್ದು, ನನ್ನ ಕೋಣೆಯ ಮೂಲೆಯಲ್ಲಿ ಬೋರಲು ಹಾಕಿದರು. ಮಂಚದ ಕೆಳಗೆ ರಾಗಿಹಿಟ್ಟಿನ ಡಬ್ಬದ ಹಿಂದೆ ಅಡಗಿದ್ದ ಪ್ರಾಣಿ ಸಂದು ಸಿಕ್ಕಿದ ಕೂಡಲೇ ಅದರೊಳಗೆ ನುಗ್ಗಿತು. ಮಾತಾಡಬೇಡ, ಮುಟ್ಟಬೇಡ, ಬಗ್ಗಿ ನೋಡಬೇಡ ಎಂದು ಹುಳುಮನೆಯ ಕಟ್ಟಳೆಗಳನ್ನೇ ನನಗೆ ಹೇಳಿ ಹೋದರು. ಬಿಟ್ಟು ಬಾ ಎಂದವರು ಮನೆ ಕಟ್ಟಿಕೊಟ್ಟರೆ ಏನೆಂದು ತಿಳಿಯಬೇಕು?

ಮರುದಿನ ಅದು ಕದಲಲಿಲ್ಲ. ಹಾಕಿದ ಕ್ಯಾರೆಟ್ಟು, ಕೊತ್ತಂಬರಿ ಹಾಗೇ ಬಿದ್ದಿತ್ತು. ಕಿಂಡಿಯಲ್ಲಿ ನೋಡಿದರೆ ತಲೆ ತುಸು ಮೇಲೆತ್ತಿ ಕಲ್ಲಿನಂತೆ ಕೂತಿತ್ತು. ಓನರಮ್ಮನನ್ನು ಕರೆದೆ. ರೇಷ್ಮೆ ಹುಳು ಬೆಳೆಯುತ್ತ ಚರ್ಮ ಕಳಚುವ ಮುಂಚೆ ಹೀಗೇ ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರದ ಹುಳುವಿಗೆ ಸೊಪ್ಪು ಹಾಕುವುದಿಲ್ಲ, ಎದ್ದ ಮೇಲೆಯೇ ಊಟ. ಅವರು ಬಗ್ಗಿ ನೋಡಿ ಒಂದು ಕ್ಷಣವೂ ಯೋಚಿಸಲಿಲ್ಲ.

"ಜ್ವರಕ್ ಕೂತೈತೆ ಕಣೇ. ಸೊಪ್ಪು ತೆಗ್ದುಬಿಡು. ತಾನೇ ಎದ್ದೇಳ್ತದೆ."

ಇಷ್ಟು ವರ್ಷ ಲಕ್ಷಾಂತರ ಹುಳು ಸಾಕಿದ ಕೈ ಅದು. ನಾನು ಎಲ್ಲವನ್ನೂ ತೆಗೆದೆ.

ಅದರ ಮರುದಿನ ಮಂಕರಿ ಎತ್ತಿದಾಗ ಪ್ರಾಣಿ ಓಡುವ ಪ್ರಯತ್ನವನ್ನೂ ಮಾಡಲಿಲ್ಲ. ರಜೆ ಹಾಕಿ ಆಟೋದಲ್ಲಿ ಕೋಲಾರದ ಪಶು ಆಸ್ಪತ್ರೆಗೆ ಹೋದೆ. ಹಸು ಎಮ್ಮೆಗಳ ನಡುವೆ ನನ್ನ ಪೆಟ್ಟಿಗೆ ನೋಡಿ ಡಾಕ್ಟರು ನಕ್ಕರು. ಓದುವಾಗ ಬಿಟ್ಟರೆ ಇದನ್ನು ಮುಟ್ಟಿದ್ದೇ ಇಲ್ಲ ಎಂದರು. ಆದರೆ ಒಂದು ಮಾತು ಖಚಿತವಾಗಿ ಹೇಳಿದರು: ಇದು ಹಸಿದಿರಬಾರದು, ಹೊಟ್ಟೆ ನಿಂತರೆ ಜೀವವೂ ನಿಲ್ಲುತ್ತದೆ. ಸೂಜಿಯಿಲ್ಲದ ಸಿರಿಂಜಿನಲ್ಲಿ ಗಂಜಿಯಂಥದ್ದನ್ನು ತುಸು ಕುಡಿಸಿದರು. ಇವತ್ತು ತಾನಾಗಿ ತಿನ್ನದಿದ್ದರೆ ಕಷ್ಟ ಎಂದು ಕಳಿಸಿದರು.

ಬಂದು ಓನರಮ್ಮನಿಗೆ ಹೇಳಿದೆ. ಅವರ ಮುಖ ಇಳಿದುಹೋಯಿತು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದರು, ಕೈಯಲ್ಲಿ ಒದ್ದೆಯೇನೂ ಇರಲಿಲ್ಲ.

"ನಾನೇ ಸೊಪ್ಪು ತೆಗ್ಸಿದ್ನಲ್ಲೇ," ಎಂದರು. "ನಮ್ ಹುಳದ್ ಲೆಕ್ಕ ಎಲ್ಲಕ್ಕೂ ಆಗಲ್ಲ ನೋಡು."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಪೆಟ್ಟಿಗೆಯನ್ನೂ ಮಂಕರಿಯನ್ನೂ ಎತ್ತಿಕೊಂಡು ಹಿತ್ತಲಿಗೆ ನಡೆದೇಬಿಟ್ಟಿದ್ದರು. ಹುಳುಮನೆಯ ಹೊಸ್ತಿಲಿಗೆ. ನಾಯಿ ಬೆಕ್ಕು ಬೇಡ, ಸೆಂಟು ಬೇಡ ಎಂದ ಅದೇ ಬಾಗಿಲಿಗೆ, ಅದೂ ಬೆಳೆ ಕೈಗೆ ಬರುವ ಕೊನೆಯ ವಾರದಲ್ಲಿ.

ಕೊನೆಯ ಜ್ವರ ಎದ್ದ ಹುಳು ಹಗಲು ರಾತ್ರಿ ತಿನ್ನುತ್ತದೆ. ಪರದೆಯ ಆಚೆ ಅಷ್ಟೂ ಬಾಯಿಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸರಸರ ಸದ್ದು ಅಂಗಳಕ್ಕೆಲ್ಲ ಕೇಳುತ್ತಿತ್ತು. ಓನರಮ್ಮ ಪ್ರಾಣಿಯನ್ನು ಮಂಕರಿಯಡಿ ಬಿಟ್ಟು, ಕಿಂಡಿಯ ಮುಂದೆ ಎಳೆ ಸೊಪ್ಪು ಇಟ್ಟು, ಒಳಗಿನಿಂದ ಎರಡು ತಟ್ಟೆ ತಂದರು. ಒಂದನ್ನು ನನ್ನ ಕೈಗೆ ಕೊಟ್ಟರು. ನಾನು ಬೆಳಗಿನಿಂದ ಏನೂ ತಿಂದಿಲ್ಲವೆಂದು ಅವರಿಗೆ ಹೇಗೆ ಗೊತ್ತಾಯಿತೋ.

"ಅದ್ರ ಕಡೆ ನೋಡ್ಬೇಡ. ನಿನ್ ಪಾಡಿಗ್ ನೀನು ತಿನ್ನು."

ತಿಂದೆವು. ಮುದ್ದೆ, ಬಸ್ಸಾರು. ದಿನಾ ಇಲ್ಲೇ ಏಕೆ ಊಟ ಮಾಡುತ್ತೀರಿ ಎಂದು ಆವತ್ತು ಕೇಳಿಬಿಟ್ಟೆ.

"ಅವ್ರು ಹೋದ್ಮೇಲೆ ಅಡ್ಗೆಮನೇಲಿ ಒಬ್ಳೇ ಕೂತ್ರೆ ತುತ್ತು ಇಳೀತಿರ್ಲಿಲ್ಲ," ಎಂದರು. "ಇವು ತಿನ್ನೋ ಸದ್ದಲ್ಲಿ ಕೂತ್ರೆ ಇಳೀತದೆ."

ಆಮೇಲೆ ಮೆಲ್ಲಗೆ ತೆಲುಗಿನಲ್ಲಿ, "ತಿನಮ್ಮಾ, ತಿನು," ಎಂದರು. ಆ ಮಾತು ಹುಳುಗಳಿಗೋ, ಮಂಕರಿಯೊಳಗಿನದಕ್ಕೋ, ನನಗೋ ತಿಳಿಯಲಿಲ್ಲ. ನಾನು ತಲೆ ತಗ್ಗಿಸಿ ಇನ್ನೊಂದು ತುತ್ತು ಮುರಿದೆ. ಆಗ ಪಕ್ಕದಲ್ಲಿ ಬೇರೆಯದೇ ಒಂದು ಸದ್ದು ಕೇಳಿತು. ಕಿಂಡಿಯಿಂದ ಮೂತಿಯಷ್ಟೇ ಹೊರಗೆ ಬಂದು, ಒಂದು ಎಲೆಯನ್ನು ಕಚ್ಚಿ ಒಳಗೆಳೆದುಕೊಂಡಿತ್ತು. ಓನರಮ್ಮ ತಿರುಗಿಯೂ ನೋಡಲಿಲ್ಲ, ಆದರೆ ಅವರ ಕೈ ತಟ್ಟೆಯಲ್ಲೇ ನಿಂತಿತ್ತು.

ಆ ಬೆಳೆಯಲ್ಲಿ ಬಾಗಿಲ ಪಕ್ಕದ ಹುಳುಗಳು ಸಪ್ಪೆರೋಗ ಬಂದು ಮೆತ್ತಗಾಗಿ ಸತ್ತವು. ಬಿಸಿಲು ಜಾಸ್ತಿಯಾಗಿತ್ತು ಎಂದರು ಓನರಮ್ಮ. ಬಿಸಿಲಿಗೋ, ನಾವು ಅಲ್ಲಿ ಕೂತದ್ದಕ್ಕೋ ನನಗೆ ಗೊತ್ತಿಲ್ಲ. ಎಷ್ಟು ಸಲ ಕೇಳಿದರೂ ಅದೇ ಬಿಸಿಲು. ಭಾನುವಾರ ಬಂದು ಹೋಯಿತು. ಪ್ರಾಣಿಯನ್ನು ಎಲ್ಲಿ ಬಿಡಲಿ ಎಂದು ಕೇಳಿದಾಗ, "ಯಾವ್ ಭಾನ್ವಾರ ಅಂತ ಹೇಳಿದ್ನಾ?" ಎಂದು ಕೇಳಿ ಕೊಡ ಎತ್ತಿಕೊಂಡು ಹೋದರು. ಮೊದಲು ಅಂಗಳದಲ್ಲಿ ಮಾತ್ರ ಬೀಳುತ್ತಿದ್ದ ಸುಣ್ಣದ ಹೆಜ್ಜೆಗಳು ಆಮೇಲೆ ನನ್ನ ಬಾಗಿಲಿನವರೆಗೂ ಬೀಳತೊಡಗಿದವು. ನಾನು ಕಂಪನಿಯಲ್ಲಿದ್ದಾಗ ಇನ್ನೊಂದು ಬೀಗದ ಕೈಯಿಂದ ಬಾಗಿಲು ತೆಗೆದು ಸೊಪ್ಪು ಹಾಕಿ ಹೋಗುತ್ತಿದ್ದರು. "ನಿನ್ ಇಲಿ" ಎಂದೇ ಕರೆಯುತ್ತಿದ್ದರು. ಆ ಇಲಿ ನನ್ನನ್ನು ಕಂಡರೆ ಸುಮ್ಮನಿರುತ್ತಿತ್ತು, ಅವರ ಕಾಲಸಪ್ಪಳಕ್ಕೆ ಮಾತ್ರ ಕೀ ಕೀ ಎಂದು ಮನೆ ತುಂಬುವಂತೆ ಕೂಗುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದರೆ ಸುಳ್ಳಲ್ಲ.

ಈ ಬೇಸಿಗೆಯಲ್ಲಿ ಸೊಪ್ಪಿನ ಹೊರೆ ಇಳಿಸಿ, ಎದೆ ನೋವು ಎಂದು ಕೂತ ಓನರಮ್ಮ ಕೋಲಾರದ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡರು. ಹುಳುಗಳು ಜ್ವರದಲ್ಲಿದ್ದವು. ಮಗಳು ಮಾಲೂರಿನಿಂದ ಬಂದು, ಅತ್ತು, ಹುಳುಗಳನ್ನು ಪಕ್ಕದ ಊರಿನ ಸಾಕಣೆಯವರಿಗೆ ಕೊಟ್ಟಳು. ನೀನು ಇಲ್ಲೇ ಇರು ಅಕ್ಕ ಎಂದು ನನಗೆ ಹೇಳಿ ಕಾರ್ಯ ಮುಗಿಸಿ ಹೋದಳು.

ಎಲ್ಲರೂ ಹೋದ ಮೇಲೆ ಒಲೆ ಹಚ್ಚಿ ಅನ್ನ ಮಾಡಿದೆ. ತಟ್ಟೆಗೆ ಹಾಕಿಕೊಂಡು ಕೂತರೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಸೊಪ್ಪಿನ ಹೊತ್ತಾಗಿತ್ತು. ಮೂಲೆಯಲ್ಲಿ ಇಲಿ ಬಾಗಿಲ ಕಡೆ ಮುಖ ಮಾಡಿ ಕೂಗುತ್ತಲೇ ಇತ್ತು. ನಾನು ಹೋಗಿ ಅವರ ಹಿಪ್ಪುನೇರಳೆ ತೋಟದಿಂದ ಒಂದು ಹಿಡಿ ಎಳೆ ಸೊಪ್ಪು ಕಿತ್ತು ತಂದೆ. ಅದು ಮೂಸಿ ನೋಡಿ, ಹಿಂದೆ ಸರಿದು, ಮಂಕರಿಯೊಳಗೆ ಹೋಗಿ ಕೂತಿತು.

ಇಲಿಯನ್ನು ಪೆಟ್ಟಿಗೆಗೆ ಹಾಕಿ, ತಟ್ಟೆಯನ್ನೂ ಮಂಕರಿಯನ್ನೂ ಎತ್ತಿಕೊಂಡು ಹುಳುಮನೆಯ ಹೊಸ್ತಿಲಿಗೆ ಹೋದೆ. ಒಳಗೆ ಒಂದು ಸದ್ದೂ ಇರಲಿಲ್ಲ. ಗೋಣಿಚೀಲದ ಸುಣ್ಣದಲ್ಲಿ, ಹುಳು ಒಯ್ದವರ ಹೆಜ್ಜೆಗಳ ಪಕ್ಕದಲ್ಲಿ, ಓನರಮ್ಮನ ಕೊನೆಯ ಹೆಜ್ಜೆ ಹಾಗೇ ಇತ್ತು, ಅದನ್ನು ತುಳಿಯದೆ ಪಕ್ಕಕ್ಕೆ ಕೂತೆ. ಇಲಿಯ ಮೇಲೆ ಮಂಕರಿ ಬೋರಲು ಹಾಕಿ, ಸೊಪ್ಪು ಕಿಂಡಿಯ ಮುಂದಿಟ್ಟು ಬೇರೆ ಕಡೆ ನೋಡಿದೆ.

"ತಿನಮ್ಮಾ, ತಿನು," ಎಂದೆ. ಯಾರಿಗೆ ಹೇಳಿದೆನೋ ನನಗೇ ಗೊತ್ತಾಗಲಿಲ್ಲ. ಮೊದಲ ತುತ್ತನ್ನು ನಾನು ನುಂಗಿದೆ, ಸ್ವಲ್ಪ ಹೊತ್ತಿನ ಮೇಲೆ ಪಕ್ಕದಲ್ಲಿ ಎಲೆ ಹರಿಯುವ ಸದ್ದು ಕೇಳಿತು.