ಹನ್ನೊಂದು ದಿನದ ನಾಟಿ

ನಾನು ಹನ್ನೊಂದು ದಿನ ನನ್ನ ತಲೆಯನ್ನು ನಾನೇ ಮುಟ್ಟಿಕೊಳ್ಳದೆ ಬದುಕಿದವನು. ಇದೇನು ಮಹಾ ಎಂದು ನಿಮಗೆ ಅನಿಸಬಹುದು. ಒಂದೇ ಒಂದು ಬೆಳಿಗ್ಗೆ ಪ್ರಯತ್ನ ಮಾಡಿ ನೋಡಿ. ಗಿರಾಕಿಯ ಹೆಸರು ಮರೆತರೆ ಕೈ ತಲೆಗೆ ಹೋಗುತ್ತದೆ, ಬಸ್ಸು ತಪ್ಪಿದರೆ ತಲೆಗೆ ಹೋಗುತ್ತದೆ, ಹೆಂಡತಿ ಕೇಳಿದ್ದಕ್ಕೆ ಉತ್ತರ ತೋಚದಿದ್ದರಂತೂ ಎರಡೂ ಕೈ ಹೋಗುತ್ತವೆ. ಮನುಷ್ಯ ಯೋಚನೆ ಮಾಡುವುದು ತಲೆಯ ಒಳಗೋ ಹೊರಗೋ ಎಂಬ ಅನುಮಾನ ನನಗೆ ಬಂದದ್ದೇ ಆ ದಿನಗಳಲ್ಲಿ.

ವಿಷಯ ಇಷ್ಟೇ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಕೂದಲು ಕಸಿ ಮಾಡಿಸಿಕೊಂಡು ಬಂದೆ. ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಬೀಜ ಗೊಬ್ಬರದ ಅಂಗಡಿ ಇದೆ. ಅಂಗಡಿಯ ಗೋಡೆಯ ತುಂಬ ಕಂಪನಿಗಳು ಕೊಟ್ಟ ಕ್ಯಾಲೆಂಡರುಗಳು. ಅವುಗಳಲ್ಲಿರುವ ಯಾವ ದೇವರಿಗೂ ಬೋಳುತಲೆ ಇಲ್ಲ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಸ್ಮಶಾನದಲ್ಲಿ ಇರುವವನಿಗೂ ಗಂಗೆಯನ್ನು ಬಚ್ಚಿಡುವಷ್ಟು ಜಟೆ ಇದೆ. ಬೋಳುತಲೆ ಒಪ್ಪುವುದು ಮಠದ ಸ್ವಾಮಿಗಳಿಗೆ. ಅವರು ಬೇಕೆಂದೇ ತೆಗೆಸಿಕೊಂಡವರು, ಅದಕ್ಕೊಂದು ಗೌರವ ಇದೆ. ನನ್ನದು ಹೇಳದೆ ಕೇಳದೆ ಹೋದದ್ದು. ಸಾಲದ್ದಕ್ಕೆ ನನ್ನ ಹೆಂಡತಿಯ ತವರು ಸೊರಬ ತಾಲ್ಲೂಕಿನ ಜಡೆ. ಆ ಊರಿನ ಹೆಸರನ್ನೂ ನನ್ನ ತಲೆಯನ್ನೂ ಸೇರಿಸಿ ಗೆಳೆಯರು ಮಾಡಬಹುದಾದ ಹಾಸ್ಯವನ್ನೆಲ್ಲ ಮಾಡಿ ಮುಗಿಸಿದ್ದಾರೆ, ನೀವು ಹೊಸದಾಗಿ ಕಷ್ಟಪಡುವುದು ಬೇಡ.

ಆದರೆ ನನಗೆ ನಿಜವಾಗಿ ನಾಟಿದ್ದು ಗೆಳೆಯರ ಮಾತಲ್ಲ, ಅತ್ತೆಯ ಮಾತು. ದೀಪಾವಳಿಗೆ ಅಳಿಯನನ್ನು ಕರೆದು ಎಣ್ಣೆ ನೀರು ಹಾಕುವುದು ಎಲ್ಲ ಕಡೆ ಮೊದಲ ವರ್ಷದ ಸಂಭ್ರಮ. ನಮ್ಮ ಅತ್ತೆ ಗೌರಮ್ಮನವರು ಅದನ್ನು ಸೂತಕದ ಒಂದು ವರ್ಷ ಬಿಟ್ಟರೆ ಇಪ್ಪತ್ತೆರಡು ವರ್ಷವೂ ನಡೆಸಿಕೊಂಡು ಬಂದಿದ್ದಾರೆ. ಬೆಳಗಿನ ಜಾವ ಬಚ್ಚಲ ಮುಂದೆ ಮಣೆ ಹಾಕಿ ಕೂರಿಸುತ್ತಾರೆ, ಬೆಚ್ಚಗಿನ ಕೊಬ್ಬರಿ ಎಣ್ಣೆಯ ಹಿತ್ತಾಳೆ ಬಟ್ಟಲು ತರುತ್ತಾರೆ, ನೆತ್ತಿಗೆ ಸುರಿದು ತಟ್ಟುತ್ತಾರೆ. ಗದ್ದೆ ಕೆಲಸ ಮಾಡಿದ ಕೈ, ತಟ್ಟಿದರೆ ಕಿವಿಯವರೆಗೂ ಕೇಳುತ್ತದೆ. ಎರಡು ವರ್ಷದ ಹಿಂದೆ ಹಾಗೆ ತಟ್ಟುತ್ತಾ, ಒಳಗಿದ್ದ ಮಗಳಿಗೆ ಕೂಗಿ ಹೇಳಿದರು: "ನಿರ್ಮಲಾ, ಬರೋ ವರ್ಷದಿಂದ ಅಳಿಯಂದ್ರಿಗೆ ಅರ್ಧ ಬಟ್ಲು ಕಾಯ್ಸಿದ್ರೆ ಸಾಕು ಕಣೇ." ಎಲ್ಲರೂ ನಕ್ಕರು. ನಾನೂ ನಕ್ಕೆ. ಎಣ್ಣೆ ಕಣ್ಣಿಗೆ ಇಳಿದಿತ್ತು ಎಂದು ಒಂದು ನೆಪ ಇತ್ತು, ಹಾಗಾಗಿ ಮುಖ ಒರೆಸಿಕೊಳ್ಳುತ್ತ ಕೂತೆ. ಬೇಜಾರಾಗಿತ್ತು, ಸುಳ್ಳು ಯಾಕೆ ಹೇಳಲಿ.

ಶಿವಮೊಗ್ಗದ ಡಾಕ್ಟರು ಹಿಂದಲೆಯಿಂದ ಒಂದೊಂದೇ ಕೂದಲು ಕಿತ್ತು ಮುಂದಲೆಯಿಂದ ನೆತ್ತಿಯವರೆಗೆ ಊರಿದರು. ಹಿಂದಿನ ಸುಳಿಯ ಸುತ್ತ ಬಟ್ಟಲಗಲದ ಜಾಗ ಉಳಿಯಿತು. "ಅದನ್ನ ಯುಗಾದಿ ಮುಗಿದ ಮೇಲೆ ಇನ್ನೊಂದು ಸಿಟ್ಟಿಂಗಲ್ಲಿ ತುಂಬೋಣ" ಎಂದರು. ಆಮೇಲೆ ಒಂದು ಚೀಟಿ ಕೊಟ್ಟರು. ಕೆರೆಯುವಂತಿಲ್ಲ, ಬಗ್ಗುವಂತಿಲ್ಲ, ಬೆವರುವಂತಿಲ್ಲ, ಬಿಸಿಲಿಗೆ ಹೋಗುವಂತಿಲ್ಲ, ಹೆಲ್ಮೆಟ್ ಹಾಕುವಂತಿಲ್ಲ. ಮಲಗುವುದು ಕೂತ ಹಾಗೆ, ಕೂರುವುದು ಮಲಗಿದ ಹಾಗೆ. ಕೊನೆಯ ಸಾಲು: ಒಂದು ತಿಂಗಳು ತಲೆಗೆ ಎಣ್ಣೆ ತಾಗಿಸಕೂಡದು.

ಆ ಕೊನೆಯ ಸಾಲನ್ನು ನಾನು ಮನೆಗೆ ಬಂದು ಮೂರನೆಯ ದಿನ ಓದಿದೆ. ಮಳೆಗಾಲದ ವ್ಯಾಪಾರ ಮುಗಿದು ಅಂಗಡಿ ತಣ್ಣಗಿರುವ ವಾರ ನೋಡಿ ದಿನ ಗೊತ್ತುಮಾಡಿದ್ದೆನೇ ಹೊರತು ಕ್ಯಾಲೆಂಡರಿನಲ್ಲಿ ದೇವರ ಕೂದಲು ನೋಡಿದಷ್ಟು ಶ್ರದ್ಧೆಯಿಂದ ಕೆಳಗಿನ ತಾರೀಖು ನೋಡಿರಲಿಲ್ಲ. ದೀಪಾವಳಿಗೆ ಸರಿಯಾಗಿ ಎಂಟು ದಿನ ಇತ್ತು. ಬೇಡ ಎಂದುಬಿಡಿ ಎನ್ನುತ್ತೀರಿ. ನಮ್ಮ ಅತ್ತೆಯ ಮನೆಯಲ್ಲಿ ಹಬ್ಬದ ದಿನ ಎಣ್ಣೆ ಬೇಡ ಎನ್ನುವುದು ಸಾವಾದ ವರ್ಷ ಮಾತ್ರ. ಮಾವ ತೀರಿಕೊಂಡ ವರ್ಷ ಆ ಬಟ್ಟಲು ಕಪಾಟಿನಿಂದ ಇಳಿದಿರಲಿಲ್ಲ. ಎಪ್ಪತ್ತೆಂಟು ವರ್ಷದ ಹೆಂಗಸಿನ ಕೈಯಲ್ಲಿ ಬೆಚ್ಚಗಿನ ಬಟ್ಟಲು ಇರುವಾಗ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೂಂ ಎಂದರೆ ಒಂದು ತಟ್ಟಿಗೆ ಡಾಕ್ಟರು ಇಡೀ ದಿನ ಊರಿದ್ದೆಲ್ಲ ಮಣೆಯ ಮೇಲೆ.

ಈ ಚಿಂತೆಯ ನಡುವೆಯೇ ಆರೈಕೆ ನಡೆಯಿತು. ನಿರ್ಮಲಾ ಉಪ್ಪುನೀರಿನ ಬಾಟಲಿ ಹಿಡಿದು ಅರ್ಧ ಗಂಟೆಗೊಮ್ಮೆ ಬಂದು ನನ್ನ ತಲೆಗೆ ಚಿಮುಕಿಸುತ್ತಿದ್ದಳು. "ನನ್ನ ಕೊತ್ತಂಬರಿ ಮಡಿಗೂ ಇಷ್ಟು ಸಲ ನೀರು ಹಾಕಿಲ್ಲ ಕಣ್ರೀ, ಅದಾದ್ರೆ ಸಾರಿಗಾದ್ರೂ ಆಗ್ತಿತ್ತು" ಎನ್ನುವಳು. ಮಕ್ಕಳ ಶಾಂಪೂವಿನ ನೊರೆಯನ್ನು ಚೊಂಬಿನಲ್ಲಿ ಕದಡಿ, ಉಜ್ಜದೆ, ಮೇಲಿನಿಂದ ಇಳಿಬಿಡುವಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅಷ್ಟು ಮೆತ್ತಗೆ ನನ್ನನ್ನು ಅವಳು ಯಾವತ್ತೂ ನಡೆಸಿಕೊಂಡದ್ದಿಲ್ಲ. ಏಳನೆಯ ದಿನ ತುರಿಕೆ ಶುರುವಾಯಿತು. ಆ ತುರಿಕೆಯನ್ನು ವರ್ಣಿಸುವ ಶಕ್ತಿ ನನಗಿಲ್ಲ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅಂಗಡಿಯಲ್ಲಿ ಕೂರುತ್ತಿದ್ದೆ. ನಮ್ಮ ಹಳೆಯ ಗಿರಾಕಿ ಹಾಲಪ್ಪ ಬಂದವನು ನನ್ನ ದೊಗಲೆ ಟೋಪಿಯನ್ನೂ ಕಾಣದ ಕೈಗಳನ್ನೂ ನೋಡಿ, "ಯಾಕ್ರೀ ಸಾವ್ಕಾರ್ರ, ಮೈಯಾಗ ಆರಾಮಿಲ್ಲೇನ್ರೀ?" ಎಂದ. ತಲೆಯಲ್ಲಿ ಗುಳ್ಳೆ ಎಂದೆ. "ಬೇವಿನೆಣ್ಣಿ ಹಚ್ರೀ" ಎಂದು ಹೋದ. ನನ್ನ ಸುತ್ತಲಿನ ಲೋಕವೆಲ್ಲ ನನಗೆ ಎಣ್ಣೆ ಹಚ್ಚಲು ಸೊಂಟ ಕಟ್ಟಿ ನಿಂತಂತಿತ್ತು.

ಹನ್ನೊಂದನೆಯ ದಿನ ಬೆಳಗಿನ ಜಾವ ಜಡೆಯಲ್ಲಿ ಮಣೆಯ ಮೇಲೆ ಕೂತೆ. ಟೋಪಿ ತಲೆಯ ಮೇಲೇ ಇತ್ತು. ನೆಗಡಿ, ಜ್ವರ, ಹರಕೆ ಎಂದು ಮೂರು ಸುಳ್ಳು ಕಟ್ಟಿಕೊಂಡು ಹೋಗಿದ್ದೆ.

"ಟೋಪಿ ತೆಗೀರಿ ಅಳಿಯಂದ್ರೇ, ಎಣ್ಣೆ ಆರ್ತೈತೆ" ಎಂದರು ಅತ್ತೆ.

ಮೂರರಲ್ಲಿ ಒಂದೂ ಬಾಯಿಗೆ ಬರಲಿಲ್ಲ. ತೆಗೆದೆ. ಅವರು ಬಟ್ಟಲು ಕೆಳಗಿಟ್ಟು, ಸೆರಗಿನಲ್ಲಿ ಕನ್ನಡಕ ಒರೆಸಿ ಹಾಕಿಕೊಂಡು ಬಗ್ಗಿದರು. ಸಾಲುಸಾಲು ಹಕ್ಕಳೆ, ಒಂದೊಂದು ಹಕ್ಕಳೆಯಲ್ಲಿ ಒಂದೊಂದು ಮೊಳಕೆಯಂಥ ಕೂದಲು.

"ಇದು ನಾಟಿ ಅಲ್ದಾ?" ಎಂದರು. "ಸಸಿ ಎಲ್ಲಿಂದ ಕಿತ್ರು?"

"ಹಿಂದ್ಲೆಯಿಂದ ಅತ್ತೆ."

ಹಿಂದೆ ಹೋಗಿ ಅದನ್ನೂ ನೋಡಿದರು. ಐವತ್ತು ವರ್ಷ ಗದ್ದೆಯಲ್ಲಿ ಬಗ್ಗಿ ಸಸಿ ಊರಿದವರು. "ಸಾಲು ಚೊಲೋ ಹಾಕ್ಯಾರೆ" ಎಂದು ಒಪ್ಪಿದರು. "ಎಷ್ಟು ದಿನಾತು?"

"ಹನ್ನೊಂದು."

"ಹನ್ನೊಂದು ದಿನದ ನಾಟಿಗೆ ಯಾರಾದ್ರೂ ಕಾಲಿಡ್ತಾರಾ? ಗೊಬ್ಬರದಂಗ್ಡಿ ಇಟ್ಕೊಂಡು ಇಷ್ಟೂ ಗೊತ್ತಾಗಲ್ವಾ ನಿಮಗೆ? ಬಾಯಿಬಿಟ್ಟು ಹೇಳಬಾರ್ದಾ?"

ಗರಿಕೆಯ ಒಂದು ಕಡ್ಡಿ ತಂದು ಎಣ್ಣೆಯಲ್ಲಿ ಅದ್ದಿ ನನ್ನ ಪಾದಕ್ಕೆ, ಮಂಡಿಗೆ, ಭುಜಕ್ಕೆ ಮುಟ್ಟಿಸಿದರು. ಕಿವಿಯ ಹಾಲೆಯವರೆಗೆ ಬಂದು ಅಲ್ಲಿಗೇ ನಿಲ್ಲಿಸಿದರು. ಉಳಿದ ಎಣ್ಣೆಯ ಮೇಲೆ ತಟ್ಟೆ ಮುಚ್ಚಿ ಗೂಡಿನಲ್ಲಿಟ್ಟು, "ತಲೆ ಪಾಲಿಂದು ಯುಗಾದಿಗೆ ಹಚ್ತೀನಿ. ಅಲ್ಲೀವರೆಗೆ ನಾನು ಇರ್ತೀನಿ ಬಿಡ್ರಿ" ಎಂದರು. ಆಮೇಲೆ ಮೆಲ್ಲಗೆ, "ಅವತ್ತು ಅರ್ಧ ಬಟ್ಲು ಅಂದಿದ್ದಕ್ಕೇನಾ ಇದೆಲ್ಲ?" ಎಂದು ಕೇಳಿದರು. ನಾನು ಇಲ್ಲ ಎಂದೆ. ಅವರು ನಂಬಲಿಲ್ಲ.

ನಾಲ್ಕನೆಯ ವಾರ ಊರಿದ ಕೂದಲೆಲ್ಲ ದಿಂಬಿನ ಮೇಲೆ ಉದುರತೊಡಗಿತು. ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಅಲ್ಲಿನ ಹುಡುಗಿ, ಅದು ಹಾಗೇ ಸರ್, ಮೇಲಿನದು ಉದುರುತ್ತೆ, ಬೇರು ಒಳಗಿರುತ್ತೆ ಎಂದಳು. ನಾನು ನಂಬಲಿಲ್ಲ. ಪ್ರತಿ ಶ್ರಾವಣದಲ್ಲಿ ಹಾಲಪ್ಪ ಅಂಗಡಿಗೆ ಓಡಿಬಂದು ನಾಟಿ ಮಾಡಿದ ಸಸಿ ಹಳದಿಯಾಯಿತು ಎಂದು ಅಳುತ್ತಾನೆ. ಬೇರು ಹಿಡಿಯುವ ಹೊತ್ತು ಮಾರಾಯ, ಎರಡು ವಾರ ಸುಮ್ಮನಿರು ಎಂದು ಕೌಂಟರಿನ ಈಚೆಯಿಂದ ದೊಡ್ಡ ತಜ್ಞನ ಹಾಗೆ ಹೇಳುವವನು ನಾನೇ. ಅವನೂ ನನ್ನನ್ನು ನಂಬುವುದಿಲ್ಲ, ಯಾಕೆ ಎಂದು ಈಗ ಗೊತ್ತಾಯಿತು. ಸಸಿ ಅವನದು, ಮಾತು ಮಾತ್ರ ನನ್ನದು. ಕೊನೆಗೆ ಅತ್ತೆಯೇ ಫೋನಿನಲ್ಲಿ "ಬೇರು ಹಿಡೀತೈತೆ, ಸುಮ್ನೆ ಕೂರ್ರಿ" ಎಂದು ಗದರಿದ ಮೇಲೆ ನಿದ್ದೆ ಬಂತು.

ಯುಗಾದಿಯ ಹೊತ್ತಿಗೆ ಬಂದೇ ಬಂತು. ಬೆರಳ ಗೆಣ್ಣಿನಷ್ಟು ಉದ್ದ, ಅಲ್ಲಲ್ಲಿ ತೆಳು, ಆದರೂ ಕೂದಲು ಕೂದಲೇ. ಮಣೆಯ ಮೇಲೆ ಕೂತವನು ಹೆಮ್ಮೆಯಿಂದ ತಲೆ ಒಡ್ಡಿದೆ. ನಿರ್ಮಲಾ ಬಟ್ಟಲು ತುಂಬ ಎಣ್ಣೆ ಕಾಯಿಸಿ ತಂದಿದ್ದಳು. ಅತ್ತೆ ಸುರಿದರು, ಉಜ್ಜಿದರು, ತಟ್ಟಲು ಕೈ ಎತ್ತಿದರು. ಕೈ ತಲೆಯ ಮೇಲೆ ಅಲ್ಲಿ ಇಲ್ಲಿ ಹುಡುಕಿತು.

"ಏನಾತು ಅತ್ತೆ?"

"ಏನಿಲ್ಲ. ಮೊದ್ಲು ಅಂಗೈ ಸರಿಯಾಗಿ ಕೂರ್ತಿತ್ತು ಇಲ್ಲಿ. ತಣ್ಣಗಿರ್ತಿತ್ತು, ಕೈಗೆ ಹಿತ ಆಗ್ತಿತ್ತು. ಈಗ ಜಾಗನೇ ಸಿಗ್ತಿಲ್ಲ" ಎಂದರು. ಅದರಲ್ಲಿ ಹಾಸ್ಯ ಇರಲಿಲ್ಲ. ಅರ್ಧ ಬಟ್ಟಲಿನ ಮಾತನ್ನು ಎರಡು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ನನಗೆ, ಆ ಬೋಳನ್ನು ಇಷ್ಟಪಟ್ಟ ಒಂದು ಕೈ ಇತ್ತೆಂಬುದೇ ಹೊಳೆದಿರಲಿಲ್ಲ.

ನಾನು ಅವರ ಕೈ ಹಿಡಿದು ಹಿಂದಿನ ಸುಳಿಯ ಹತ್ತಿರ ಇಟ್ಟೆ, ಡಾಕ್ಟರು ಇನ್ನೊಂದು ಸಲಕ್ಕೆ ಬಿಟ್ಟಿದ್ದ ಬಟ್ಟಲಗಲದ ಜಾಗದ ಮೇಲೆ. ಅಂಗೈ ಅಲ್ಲಿ ಕೂತಿತು. ಅತ್ತೆ ಎರಡು ಸಲ ತಟ್ಟಿದರು. ಕಿವಿಯವರೆಗೂ ಕೇಳಿತು.

ಹಬ್ಬ ಮುಗಿದ ವಾರ ಕ್ಲಿನಿಕ್ಕಿನ ಹುಡುಗಿ ಫೋನ್ ಮಾಡಿ, "ಸರ್, ಹಿಂದಿನ ಜಾಗಕ್ಕೆ ಡೇಟ್ ಕೊಡ್ಲಾ?" ಎಂದಳು. ಆ ಜಾಗ ಖಾಲಿ ಇಲ್ಲಮ್ಮ ಎಂದೆ.