ಕಲ್ಲು ಕದಲಿಸಿದ ಭಾನುವಾರ

ನಮ್ಮ ಯಜಮಾನರು ಇಂದುಶೇಖರ ಜೀವಮಾನದಲ್ಲಿ ಒಬ್ಬರ ಮೇಲೂ ಕೈ ಎತ್ತಿದವರಲ್ಲ. ಕೈ ಎತ್ತುವುದಿರಲಿ, ತರಕಾರಿ ಭಯ್ಯಾ ಕೊಳೆತ ಟೊಮೇಟೊ ತೂಗಿ ಹಾಕಿದರೂ ಬಾಯಿ ತೆರೆದವರಲ್ಲ. ಅಂಥ ಮನುಷ್ಯ ಹೆತ್ತ ಮಗನನ್ನು ಪೊಲೀಸರ ಕೈಗೆ ಕೊಟ್ಟರು. ದಿಲ್ಲಿಯ ಆರ್.ಕೆ.ಪುರಂನ ನಮ್ಮ ಬ್ಲಾಕಿನಲ್ಲಿ ಈಗ ಅವರನ್ನು ಕೆಲವರು ದೇವರಂಥವರು ಎನ್ನುತ್ತಾರೆ, ಕೆಲವರು ಪಾಪಿ ಎನ್ನುತ್ತಾರೆ. ಮೂವತ್ತು ವರ್ಷ ಅವರಿಗೆ ಬಡಿಸಿದವಳು ನಾನು, ಲೀಲಮ್ಮ. ಅವರು ಎರಡೂ ಅಲ್ಲ. ಮೀನು ಸಾಕುವ ಒಬ್ಬ ಸರ್ಕಾರಿ ನೌಕರ, ಅಷ್ಟೆ.

ಅರಸೀಕೆರೆಯಿಂದ ಬಂದು ಗುಮಾಸ್ತರಾಗಿ ಸೇರಿ, ಫೈಲಿನಷ್ಟೇ ನಿಧಾನವಾಗಿ ಮೇಲೆ ಹೋಗಿ, ಸೆಕ್ಷನ್ ಆಫೀಸರ್ ಆದವರು. ಮೂರು ವರ್ಷದ ಹಿಂದೆ ಬಿ.ಪಿ. ಏರಿತು. ಮನಸ್ಸು ಶಾಂತವಾಗುವಂಥ ಏನಾದರೂ ಹವ್ಯಾಸ ಇಟ್ಟುಕೊಳ್ಳಿ ಎಂದರು ಡಾಕ್ಟರು. ನಮ್ಮವರು ಹುಡುಕಿ ಹುಡುಕಿ ಆಫ್ರಿಕಾದ ಸಿಕ್ಲಿಡ್ ಮೀನು ಆರಿಸಿಕೊಂಡರು. ಶಾಂತಿ ಹುಡುಕಿ ಹೊರಟ ಮಹಾನುಭಾವರು ಜಗಳಗಂಟ ಮೀನನ್ನೇ ಮನೆಗೆ ತಂದರು.

ಅದಕ್ಕೆ ನಮ್ಮ ಕ್ವಾರ್ಟರ್ಸಿನ ಬೋರ್ ನೀರು ಕಾರಣ. ಆ ಗಡಸು ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ, ಗೀಸರು ವರ್ಷ ಬಾಳುವುದಿಲ್ಲ. ನಾನು ಅದನ್ನು ಬೈಯದ ದಿನವಿಲ್ಲ.

"ಲೀಲಾ, ಆ ಮೀನುಗಳ ಸರೋವರದ ನೀರೂ ಹೀಗೇ ಗಡಸಂತೆ," ಎಂದರು. "ನೀನು ಬೈಯೋ ನೀರೇ ಅವಕ್ಕೆ ಅಮೃತ."

ಹಾಲಿಗೆ ನಾಲ್ಕಡಿ ಗಾಜಿನ ತೊಟ್ಟಿ ಬಂತು. ತಳದ ಗಾಜಿನ ಮೇಲೆ ಮೊದಲು ಕಲ್ಲು ಜೋಡಿಸಿದರು, ಆಮೇಲೆ ಸುತ್ತ ಮರಳು ಸುರಿದರು. ಮರಳಿನ ಮೇಲೆ ಕಲ್ಲಿಟ್ಟರೆ ಈ ಮೀನು ಮರಳು ತೋಡಿ ಕಲ್ಲುರುಳಿಸಿ ಗಾಜೇ ಒಡೆದುಬಿಡುತ್ತದಂತೆ. ಮೀನಿಗೊಂದರಂತೆ ಗವಿ, ಗವಿಗೆ ಎರಡು ಬಾಗಿಲು, ಒಂದರಲ್ಲಿ ಅಟ್ಟಿದರೆ ಇನ್ನೊಂದರಲ್ಲಿ ಓಡಿಹೋಗಲು. ಅಷ್ಟೆಲ್ಲ ಮಾಡಿ ಒಂದು ತಿಂಗಳು ಬರೀ ನೀರು ತಿರುಗಿಸಿದರು. ಹೊಲಸು ತಿನ್ನುವ ಸೂಕ್ಷ್ಮಜೀವಿ ಮೊದಲು ಬೆಳೆಯಬೇಕಂತೆ. ಪ್ರತಿ ಭಾನುವಾರ ಬಕೆಟ್ಟುಗಟ್ಟಲೆ ನೀರು ಬದಲಾಯಿಸಬೇಕು. ನಾನು ಕೈಹಾಕುತ್ತಿರಲಿಲ್ಲ. ಅದಕ್ಕೆ ಸ್ವಲ್ಪ ಮೊದಲು ಬಚ್ಚಲಲ್ಲಿ ಜಾರಿ ಬಿದ್ದು ನನ್ನ ಎಡಗೈ ಮಣಿಕಟ್ಟು ಮುರಿದಿತ್ತು. ಇವರು ಆಫೀಸಿನಲ್ಲಿದ್ದರು. ಕೆಳಮನೆಯ ದಹಿಯಾ ಸಾಹೇಬರೇ ತಮ್ಮ ಕಾರಿನಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು.

ಹಳೆ ದಿಲ್ಲಿಯ ಅಂಗಡಿಯಿಂದ ಇಪ್ಪತ್ತು ಮರಿ ಒಟ್ಟಿಗೆ ತಂದು ಒಟ್ಟಿಗೇ ಬಿಟ್ಟರು. ಒಂದೊಂದಾಗಿ ಬಿಟ್ಟರೆ ಮೊದಲು ಬಂದದ್ದು ಇಡೀ ತೊಟ್ಟಿ ತನ್ನದೆನ್ನುತ್ತದೆ. ತುಂಬ ಇದ್ದರೆ ಹೊಡೆತ ಹಂಚಿಹೋಗುತ್ತದೆ, ಒಬ್ಬನೇ ಎಲ್ಲ ಏಟು ತಿಂದು ಸಾಯುವುದಿಲ್ಲ. ಅದರಲ್ಲಿ ಒಂದು ಬಂಗಾರದ ಬಣ್ಣದ್ದು, ಮೈಮೇಲೆ ಕಪ್ಪು ಪಟ್ಟೆ. ಆರಾಟಸ್ ಅಂತ ಅದರ ಜಾತಿ. ನಾನು ಪುಟ್ಟ ಎಂದು ಕರೆದೆ. ಪುಟ್ಟ ಇವರ ಬೆರಳ ತುದಿಯಿಂದಲೇ ತಿನ್ನುತ್ತಿದ್ದ, ಮಿಕ್ಕವು ಹತ್ತಿರವೂ ಬರುತ್ತಿರಲಿಲ್ಲ.

ಐದನೇ ತಿಂಗಳಲ್ಲಿ ಮೊದಲ ಹೆಣ ಬಿತ್ತು. ಬಾಲ ಚಿಂದಿ, ಒಂದು ಕಣ್ಣೇ ಇಲ್ಲ. ವಾರದಲ್ಲಿ ಇನ್ನೊಂದು, ಪಕ್ಕೆಯ ಹುರುಪೆಯೆಲ್ಲ ಕಿತ್ತು ಮಾಂಸ ಕಾಣುತ್ತಿತ್ತು. ಇವರು ಅಲ್ಲಿದ್ದ ದಪ್ಪ ನೀಲಿ ಮೀನನ್ನು ಅನುಮಾನಿಸಿದರು. ಅದು ನೋಡಲಿಕ್ಕೇ ರೌಡಿಯಂತಿತ್ತು. ಹಿಡಿದು ಅಂಗಡಿಗೆ ವಾಪಸು ಕೊಟ್ಟು ಬಂದರು. ಆಮೇಲೂ ಮೂರು ಸತ್ತವು. ಕೊನೆಗೊಂದು ಶನಿವಾರ ಸ್ಟೂಲು ಹಾಕಿಕೊಂಡು ಬೆಳಗಿನಿಂದ ತೊಟ್ಟಿಯ ಮುಂದೆ ಕೂತರು. ಮಧ್ಯಾಹ್ನ ನನ್ನನ್ನು ಕರೆದರು. ಒಂದು ಹೆಣ್ಣುಮೀನು ಮೂಲೆಯಲ್ಲಿ ತಲೆ ಮೇಲೆ ಮಾಡಿ ತೇಲುತ್ತಿತ್ತು. ಅದರ ಹೊಟ್ಟೆಗೆ ಹಾಯ್ದು ಹಾಯ್ದು ಕಚ್ಚುತ್ತಿದ್ದವನು ಪುಟ್ಟ. ಅವನ ಬಂಗಾರದ ಬಣ್ಣ ಹೋಗಿ ಮೈಯೆಲ್ಲ ಕಪ್ಪಾಗಿತ್ತು.

"ಗಂಡು ಬಲಿತ್ರೆ ಕಪ್ಪಾಗುತ್ತಂತೆ," ಎಂದರು. "ದಿನಾ ನೋಡ್ತಿದ್ದೆ ಲೀಲಾ. ಲೈಟಿನ ದೋಷ ಅಂದ್ಕೊಂಡೆ."

ಅಂಗಡಿಯವನು ಒಂದು ಉಪಾಯ ಹೇಳಿಕೊಟ್ಟ. ಪೋಕರಿಯನ್ನು ತೆಗೆದು ಮೂರು ದಿನ ಬೇರೆ ಇಡಿ, ಅಷ್ಟರಲ್ಲಿ ತೊಟ್ಟಿಯ ಕಲ್ಲನ್ನೆಲ್ಲ ಕದಲಿಸಿ ಬೇರೆ ಥರ ಜೋಡಿಸಿ, ಅವನನ್ನು ಕೊನೆಗೆ ಬಿಡಿ. ತನ್ನ ಗವಿ ಎಲ್ಲಿತ್ತೆಂದು ತಿಳಿಯದೆ ನೆಂಟನ ಹಾಗೆ ತೆಪ್ಪಗಿರುತ್ತಾನೆ. ಇವರು ಹಾಗೇ ಮಾಡಿದರು. ಪುಟ್ಟ ನಿಜಕ್ಕೂ ತೆಪ್ಪಗಾದ. ಯಜಮಾನರಿಗೆ ಆದ ಸಂತೋಷ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ.

ಆಗಲೇ ಕೆಳಗೆ ಅಂಗಳದಲ್ಲಿ ಇನ್ನೊಂದು ಯುದ್ಧ ನಡೆದಿತ್ತು. ನಮ್ಮ ಒಬ್ಬನೇ ಮಗ ಕಾರ್ತಿಕೇಯನಿಗೆ ಇಪ್ಪತ್ತೆಂಟು. ಗ್ರೇಟರ್ ನೋಯ್ಡಾದ ಕಂಪನಿಯಲ್ಲಿ ಕೆಲಸ, ಹೋಗಿಬರಲು ದಿನಕ್ಕೆ ನಾಲ್ಕು ಗಂಟೆ. ಆಳೆತ್ತರದ ಕಪ್ಪು ಕಾರು ಕೊಂಡಿದ್ದ. ಬೇವಿನ ಮರದ ಕೆಳಗೆ ಕಾರು ನಿಲ್ಲುವುದು ನಾಲ್ಕು, ಮನೆ ಎಂಟು. ದಿಲ್ಲಿಯಲ್ಲಿ ಜಾಗ ಯಾರಿಗೂ ಬರೆದುಕೊಟ್ಟದ್ದಲ್ಲ, ಹಿಡಿದವನದು. ಒಬ್ಬರು ಹೂಕುಂಡ ಇಡುತ್ತಾರೆ, ಒಬ್ಬರು ಸರಪಳಿ ಕಟ್ಟುತ್ತಾರೆ. ದಹಿಯಾ ಸಾಹೇಬರು ಪೇಂಟಿನ ಡಬ್ಬಕ್ಕೆ ಸಿಮೆಂಟು ತುಂಬಿ ಎರಡು ಇಟ್ಟಿದ್ದರು. ಅವರ ಬಾಯಿ ಮಹಾ ಕೆಟ್ಟದ್ದು, ಇಲ್ಲವೆನ್ನುವುದಿಲ್ಲ. ನನ್ನ ಮಗ ಡಬ್ಬ ಒದ್ದು ಉರುಳಿಸಿದ. ಅವರು ಇವನ ಟೈರಿನ ಗಾಳಿ ಬಿಟ್ಟರು. ಇವನು ಅವರ ಕಾರಿನ ಕನ್ನಡಿ ಮುರಿದ. ಮಾತು ಅಮ್ಮ ಅಕ್ಕನ ತನಕ ಹೋಯಿತು.

ನನ್ನ ಮಗ ಮುಂಗೋಪಿ. ಕಾಲೇಜಿನಲ್ಲಿದ್ದಾಗ ಒಬ್ಬ ಆಟೋದವನಿಗೆ ಹಲ್ಲು ಉದುರುವಂತೆ ಹೊಡೆದಿದ್ದ. ನಾನು ಹೋಗಿ ಕೈಮುಗಿದು ಬಿಡಿಸಿಕೊಂಡು ಬಂದೆ, ಇವರಿಗೆ ಅರ್ಧ ಹೇಳಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು. ಒಂದು ದಿನ ಅವನ ಕಾರಿನ ಸೀಟಿನ ಕೆಳಗೆ ಒಂದು ಹಾಕಿ ಸ್ಟಿಕ್ ಕಂಡಿತು. ನನ್ನ ಮಗ ಹುಟ್ಟಿದಾಗಿನಿಂದ ಹಾಕಿ ಆಡಿದವನಲ್ಲ. ಯಜಮಾನರಿಗೆ ತೋರಿಸಿದೆ. ಅವರು ಬಿಳಿಚಿಕೊಂಡರು. ಇವತ್ತಲ್ಲ ನಾಳೆ ಇವನು ಕೊಲ್ಲುತ್ತಾನೆ, ಇಲ್ಲವೇ ಸಾಯುತ್ತಾನೆ ಎಂದು ಇಬ್ಬರಿಗೂ ಗೊತ್ತಾಯಿತು.

ಅಪ್ಪನಾದವನು ಏನು ಮಾಡಬೇಕು? ಮಗನನ್ನು ಕೂರಿಸಿ ಕೇಳಬೇಕು. ನಮ್ಮವರು ಮೀನಿನ ಪಾಠ ಅಂಗಳಕ್ಕೆ ಹಚ್ಚಿದರು.

ಭಾನುವಾರ ಬೆಳಿಗ್ಗೆ ಐದೂವರೆಗೆ, ಹಾಲಿನವನು ಬರುವ ಮೊದಲೇ, ಇಳಿದು ಹೋಗಿ ಹೂಕುಂಡ, ಸರಪಳಿ, ಇಟ್ಟಿಗೆ, ಸಿಮೆಂಟಿನ ಡಬ್ಬ ಎಲ್ಲವನ್ನೂ ಎಳೆದು ಕಾಂಪೌಂಡಿನ ಮೂಲೆಗೆ ರಾಶಿ ಹಾಕಿದರು. ಬೆವರಿಳಿಸಿಕೊಂಡು ಮೇಲೆ ಬಂದು, "ಗಡೀನೇ ಇಲ್ದಿದ್ರೆ ಜಗಳ ಯಾವುದಕ್ಕೆ, ಲೀಲಾ?" ಎಂದು ಕಾಫಿ ಕೇಳಿದರು. ಐವತ್ತೆಂಟು ವರ್ಷದ ಮನುಷ್ಯ, ಮಗುವಿನ ಹಾಗೆ ಖುಷಿಯಾಗಿದ್ದರು.

ಏಳು ಗಂಟೆಗೆ ಅಂಗಳದಲ್ಲಿ ಕೂಗಾಟ ಎದ್ದಿತು. ತಮ್ಮ ಡಬ್ಬ ಮುಟ್ಟಿದವನು ಯಾರೆಂದು ದಹಿಯಾ ಸಾಹೇಬರು ಒಂದಕ್ಕೆರಡು ಬೈಗುಳ ಸೇರಿಸಿ ಅರಚುತ್ತಿದ್ದರು. ನಾನು ಬಾಲ್ಕನಿಗೆ ಓಡಿದೆ. ಯಜಮಾನರು ಕೆಳಗಿಳಿದು ಹೋಗಿ, "ನಾನೇ ತೆಗೆದದ್ದು, ದಹಿಯಾಜೀ," ಎಂದರು. ದಹಿಯಾ ಸಾಹೇಬರು ಅವರ ಮುಖ ನೋಡಿ ಸುಮ್ಮನಾದರು. "ಶೇಖರ್‌ಜೀ, ಆಪ್?" ಎಂದು ಕೇಳಿ, ನಕ್ಕೇಬಿಟ್ಟರು. ನಗುತ್ತಲೇ ತಮ್ಮ ಡಬ್ಬ ಎತ್ತಲು ಬಗ್ಗಿದರು.

ನನ್ನ ಮಗ ಹಿಂದಿನಿಂದ ಬಂದ. ಕೈಯಲ್ಲಿ ಹಾಕಿ ಸ್ಟಿಕ್ ಇತ್ತು. ಮೊದಲ ಏಟು ಎಡಗಿವಿಯ ಮೇಲೆ ಬಿತ್ತು, ತೆಂಗಿನಕಾಯಿ ಒಡೆದ ಸದ್ದು ಎರಡನೇ ಮಹಡಿಗೆ ಕೇಳಿಸಿತು. ಎರಡನೆಯದು ಹೆಗಲಿಗೆ. ದಹಿಯಾ ಸಾಹೇಬರು ಡಬ್ಬದ ಮೇಲೆ ಕವುಚಿ ಬಿದ್ದರು. ಬಿದ್ದವರ ಬೆನ್ನಿಗೆ, ಸೊಂಟಕ್ಕೆ, ಮತ್ತೆ ತಲೆಗೆ. ಕಿವಿಯಿಂದ ರಕ್ತ ಸೋರಿ ಸಿಮೆಂಟಿನ ಮೇಲೆ ಹರಿಯಿತು. ಯಜಮಾನರು ನಡುವೆ ನುಗ್ಗಿ ಕೈ ಅಡ್ಡ ಕೊಟ್ಟರು. ಅವರ ಮುಂಗೈಗೂ ಏಟು ಬಿತ್ತು, ಬಿಡಲಿಲ್ಲ, ಸ್ಟಿಕ್ಕನ್ನು ಅವುಚಿ ಹಿಡಿದು ನೆಲಕ್ಕೆ ಕೂತುಬಿಟ್ಟರು. ಮಗನ ಮುಖ ನಾನು ನೋಡಿದೆ. ಸಿಟ್ಟೂ ಇರಲಿಲ್ಲ ಅದರಲ್ಲಿ, ಏನೋ ಕೆಲಸ ಮುಗಿಸುತ್ತಿರುವವನ ಹಾಗಿದ್ದ.

ಪೊಲೀಸರು ಬಂದಾಗ ನಮ್ಮ ಮೆಟ್ಟಿಲಿನ ಮನೆಯವರೆಲ್ಲ ನಮ್ಮ ಪರ ನಿಂತರು. ದಹಿಯಾರ ಬಾಯಿಯಿಂದ ಬೈಸಿಕೊಳ್ಳದವರು ಅಲ್ಲಿ ಯಾರೂ ಇರಲಿಲ್ಲ. ದಹಿಯಾನೇ ಮೊದಲು ಕೈ ಎತ್ತಿದ್ದು ಎಂದರು ಒಬ್ಬರು, ಹೌದೆಂದರು ಇನ್ನೊಬ್ಬರು. ನಾನೂ ಅದನ್ನೇ ಹೇಳಿದೆ. ಬಾಯಿ ತಡವರಿಸಲಿಲ್ಲ. ಇನ್‌ಸ್ಪೆಕ್ಟರ್ ಬರೆದುಕೊಂಡು, ಸುಮ್ಮನೆ ಒಂದು ಮಾತಿಗೆ ಎಂಬಂತೆ ಇವರನ್ನೂ ಕೇಳಿದ.

"ದಹಿಯಾಜೀ ಬಗ್ಗಿದ್ದರು," ಎಂದರು ಯಜಮಾನರು. "ನನ್ನ ಮಗ ಹಿಂದಿನಿಂದ ಹೊಡೆದ. ಬಿದ್ದ ಮೇಲೂ ಹೊಡೆದ."

ನನಗೆ ಅವರ ಬಾಯಿಗೆ ಕೆಂಡ ತುಂಬಬೇಕು ಎನ್ನಿಸಿತು. ಜೀಪು ಹತ್ತುವಾಗ ಮಗ ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಐದು ತಿಂಗಳು ಅವರೊಡನೆ ಮಾತಾಡಲಿಲ್ಲ. ತಟ್ಟೆ ಕುಕ್ಕುತ್ತಿದ್ದೆ, ತಿನ್ನುತ್ತಿದ್ದರು.

ದಹಿಯಾ ಸಾಹೇಬರು ಬದುಕಿದರು. ಎಡಗಿವಿ ಹೋಯಿತು, ಬಲಗೈ ಮೇಲೇಳುವುದಿಲ್ಲ, ಹೆಂಡತಿ ತುತ್ತು ಮಾಡಿ ತಿನ್ನಿಸುತ್ತಾಳೆ. ಕಾರ್ತಿಕೇಯನಿಗೆ ಜಾಮೀನು ಸಿಕ್ಕಿತು, ಗ್ರೇಟರ್ ನೋಯ್ಡಾದಲ್ಲಿ ಸ್ನೇಹಿತನ ಫ್ಲ್ಯಾಟಿನಲ್ಲಿದ್ದಾನೆ. ಈಗ ಕೇಸು ನಡೆದಿದೆ, ಬರುವ ಸೋಮವಾರ ನನ್ನ ಸಾಕ್ಷಿ. ಅಪ್ಪ ಒಂದು ಹೇಳಿ ಅಮ್ಮ ಇನ್ನೊಂದು ಹೇಳಿದರೆ ಅನುಮಾನದ ಲಾಭ ಮಗನಿಗೇ ಎಂದರು ವಕೀಲರು. ನನ್ನ ಒಂದು ಮಾತಿನ ಮೇಲೆ ಅವನ ಏಳೆಂಟು ವರ್ಷ ನಿಂತಿದೆ.

ಪುಟ್ಟನ ಕಥೆಯೂ ಕೇಳಿ. ಕಲ್ಲು ಕದಲಿಸಿ ಹದಿನೈದು ದಿನವಾಗುವಷ್ಟರಲ್ಲಿ ಹೊಸ ಗವಿ ಹಿಡಿದು ಮತ್ತೆ ಎರಡನ್ನು ಕೊಂದ. ಯಜಮಾನರು ಅವನನ್ನು ಒಂದು ಚಿಕ್ಕ ತೊಟ್ಟಿಗೆ ಹಾಕಿ ಒಂಟಿಯಾಗಿ ಇಟ್ಟಿದ್ದಾರೆ. ದಿನಾ ತಾವೇ ತಿನ್ನಿಸುತ್ತಾರೆ, ನೀರು ಬದಲಾಯಿಸುತ್ತಾರೆ.

ಕಳೆದ ವಾರ ಅವರು ಹಾಗೆ ತಿನ್ನಿಸುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಮೀನಿನ ಮೇಲೆ ಇಷ್ಟು ಕರುಣೆ ಇರೋರಿಗೆ, ಹೆತ್ತ ಮಗನ ಮೇಲೆ ಹೇಳೋಕೆ ನಾಲಿಗೆ ಹೇಗೆ ಬಂತು ರೀ?"

ಅವರು ಬೆರಳು ಒರೆಸಿಕೊಂಡು ನನ್ನ ಎಡಗೈ ಹಿಡಿದರು. ಮುರಿದು ಕೂಡಿದ ಮಣಿಕಟ್ಟಿನ ಗಂಟಿನ ಮೇಲೆ ಹೆಬ್ಬೆರಳಿಟ್ಟರು.

"ಇದು ಮುರಿದ ದಿನ ಆಫೀಸಿಂದ ಓಡಿ ಬಂದೆ. ನೀನಾಗ್ಲೇ ಆಸ್ಪತ್ರೆಲಿದ್ದೆ. ಬಚ್ಚಲು ನೋಡ್ದೆ. ಒಣಗಿತ್ತು, ಲೀಲಾ. ಬಕೆಟ್ಟೂ ಒಣಗಿತ್ತು. ಆವತ್ತು ಬೆಳಗಿಂದ ನಲ್ಲೀಲಿ ನೀರೇ ಬಂದಿರ್ಲಿಲ್ಲ."

ನಾನು ಕೈ ಎಳೆದುಕೊಂಡೆ.

"ಆವತ್ತೇ ಅವನ್ನ ಕೇಳ್ಬೇಕಿತ್ತು. ಕೇಳೋ ಧೈರ್ಯ ಬರ್ಲಿಲ್ಲ. ಮೀನಿನ ತೊಟ್ಟಿ ತಂದು ಕೂತ್ಕೊಂಡೆ. ದಹಿಯಾಜೀ ಕಿವಿ ಹೋಗಿದ್ದು ನನ್ನಿಂದ."

ಆವತ್ತು ಕಾರ್ತಿಕೇಯ ಕುಡಿದಿದ್ದ, ನಾನು ಕಾರಿನ ಕೀ ಬಚ್ಚಿಟ್ಟಿದ್ದೆ. ಕೊಡಲಿಲ್ಲವೆಂದು ಕೈ ತಿರುಚಿದ. ಮೂಳೆ ಟಪ್ಪೆಂದ ಮೇಲೂ ತಿರುಚಿದ, ಕೀ ಸಿಗುವವರೆಗೆ. ನನ್ನ ಕೂಗು ಕೆಳಮನೆಗೆ ಕೇಳಿಸಿತ್ತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ದಹಿಯಾ ಸಾಹೇಬರು, ಆ ಕೆಟ್ಟ ಬಾಯಿಯ ಮನುಷ್ಯ, ಮೆಲ್ಲಗೆ ಕೇಳಿದ್ದರು: "ಭಾಭೀಜಿ, ಬೇಟಾ?" ಇಲ್ಲ, ಮಗನಲ್ಲ, ಜಾರಿ ಬಿದ್ದೆ ಎಂದೆ. ಅವರು ಮತ್ತೆ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಅಂಥವರ ಮೇಲೆ ನಾನು ಸುಳ್ಳು ಹೇಳಿದೆ. ನನ್ನ ಮೇಲೆ ನನಗೆ ಹೇಸಿಗೆಯಾಯಿತು.

ಕಾರ್ತಿಕೇಯ ದಿನಾ ಸಂಜೆ ಫೋನ್ ಮಾಡುತ್ತಾನೆ. ನಿನ್ನೆಯೂ ಮಾಡಿದ.

"ಅಮ್ಮಾ, ಸೋಮವಾರ ಏನ್ ಹೇಳ್ಬೇಕು, ಯಾದ್ ಹೈ ನಾ?"

"ನೆನಪಿದೆ, ಮಗಾ," ಎಂದೆ. "ಬಚ್ಚಲು ಒಣಗಿತ್ತು. ಅಲ್ಲಿಂದಲೇ ಶುರು ಮಾಡ್ತೀನಿ."

ಅವನು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.